ಡುಕಾಟಿಯ ಸದ್ದು ಹಿಡಿಯಲು ಹೋಗಿ

ಮೊದಲ ವಿಡಿಯೋ ಅಪ್ಪನಿಗೆ ಕಳಿಸಿದಾಗ ಮೈಸೂರಿನಲ್ಲಿ ರಾತ್ರಿ ಹತ್ತೂವರೆ. ಹನ್ನೆರಡು ನಿಮಿಷದ ವಿಡಿಯೋ ಅದು. ಎರಡೇ ನಿಮಿಷಕ್ಕೆ ಫೋನ್ ಬಂತು.

"ಏನೋ ಇದು? ಗಾಡಿ ಸದ್ದು ಎಲ್ಲೋ? ಬರೀ ಗಾಳಿ ಭರ್ರ್ ಅಂತಿದೆ."

ನಿಜವೇ. ಬೆಟ್ಟ, ಕಾಡು, ತಿರುವು ಎಲ್ಲ ಚೆನ್ನಾಗಿ ಬಂದಿದ್ದವು. ಗಾಡಿ ಮಾತ್ರ ಅದರಲ್ಲಿ ಇರಲೇ ಇಲ್ಲ. ಅದನ್ನು ಸರಿ ಮಾಡಲು ನನಗೆ ಎರಡು ವರ್ಷ ಹಿಡಿಯಿತು.

ನಾನಿರುವುದು ಇಟಲಿಯ ಬೊಲೊನ್ಯಾದಲ್ಲಿ. ಕೆಲಸ ಪ್ಯಾಕಿಂಗ್ ಯಂತ್ರ ಮಾಡುವ ಒಂದು ಕಂಪನಿಯಲ್ಲಿ. ಊರಿನ ಪಶ್ಚಿಮದ ಅಂಚಿನಲ್ಲಿ ಬೋರ್ಗೊ ಪನಿಗಾಲೆ ಅಂತ ಬಡಾವಣೆ ಇದೆ, ಡುಕಾಟಿ ಬೈಕ್ ಕಾರ್ಖಾನೆ ಅಲ್ಲೇ. ನಾನು ಗಾಡಿ ಕಲಿತದ್ದು ಅಪ್ಪನ ಯೆಜ್ಡಿಯಲ್ಲಿ. ಅದೂ ನಮ್ಮೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದ್ದೇ. ಕಿಕ್ ಹೊಡೆದು ಅದೇ ಲಿವರನ್ನು ಮುಂದಕ್ಕೆ ತಿರುಗಿಸಿದರೆ ಗೇರ್ ಆಗುತ್ತಿತ್ತಲ್ಲ, ಆ ಗಾಡಿ. ಕಾರ್ಖಾನೆ ಇರುವ ಊರಿನಲ್ಲಿದ್ದುಕೊಂಡು ಬೇರೆ ಗಾಡಿ ಓಡಿಸುವುದು ಸರಿಯಲ್ಲ ಅನ್ನುವ ಹುಚ್ಚು ಅಲ್ಲಿಂದಲೇ ಅಂಟಿರಬೇಕು.

ಕೊಂಡದ್ದು 1993ರ ಡುಕಾಟಿ 900 ಎಸ್‌ಎಸ್. ಹೊಸ ಡುಕಾಟಿಗೆ ದುಡ್ಡಿರಲಿಲ್ಲ ಅನ್ನುವುದು ಒಂದು ಕಾರಣ. ಇನ್ನೊಂದು, ಇದನ್ನು ಮನೆಯಲ್ಲೇ ಬಿಚ್ಚಬಹುದು. 904 ಸಿಸಿ, ಎರಡು ಸಿಲಿಂಡರ್, ಗಾಳಿಗೇ ತಣ್ಣಗಾಗುವ ಇಂಜಿನ್. ರೇಡಿಯೇಟರ್ ಇಲ್ಲ, ಕಂಪ್ಯೂಟರಿನ ಕಾಟ ಇಲ್ಲ. ಎರಡು ಮಿಕುನಿ ಕಾರ್ಬುರೇಟರ್, ಅಷ್ಟೇ.

ಸದ್ದಿನ ವಿಷಯಕ್ಕೆ ಬರುವ ಮೊದಲು ಈ ಇಂಜಿನ್ ಬಗ್ಗೆ ಸ್ವಲ್ಪ ಹೇಳಬೇಕು. ಒಂದು ಸಿಲಿಂಡರ್ ಮುಂದಕ್ಕೆ ಮಲಗಿದೆ, ಇನ್ನೊಂದು ಮೇಲಕ್ಕೆ ನಿಂತಿದೆ, ನಡುವೆ 90 ಡಿಗ್ರಿ. ಹೀಗಾಗಿ ಎರಡೂ ಸಮನಾದ ಅಂತರದಲ್ಲಿ ಉರಿಯುವುದಿಲ್ಲ. ಒಂದು ಉರಿದು, ಇಂಜಿನ್ನಿನ ಕ್ರ್ಯಾಂಕ್ 270 ಡಿಗ್ರಿ ತಿರುಗಿದ ಮೇಲೆ ಇನ್ನೊಂದು, ಆಮೇಲೆ 450 ಡಿಗ್ರಿ ಕಳೆದು ಮತ್ತೆ ಮೊದಲನೆಯದು. ಕುಂಟುತ್ತಾ ಓಡುವ ಕುದುರೆಯ ಹಾಗೆ ಕೇಳುತ್ತದೆ. ಸಿಲಿಂಡರಿನ ಬಾಗಿಲುಗಳಂಥ ವಾಲ್ವ್‌ಗಳದ್ದು ಇನ್ನೊಂದು ಕಥೆ. ಬೇರೆ ಗಾಡಿಗಳಲ್ಲಿ ವಾಲ್ವ್ ಮುಚ್ಚುವುದು ಸ್ಪ್ರಿಂಗ್. ಇಲ್ಲಿ ತೆರೆಯುವುದಕ್ಕೊಂದು ರಾಕರ್ ಅನ್ನುವ ಪುಟ್ಟ ತೋಳು, ಮುಚ್ಚುವುದಕ್ಕೆ ಇನ್ನೊಂದು. ಇದೇ ಡೆಸ್ಮೊ. ಇಂಜಿನಿಯರ್ ಫಾಬಿಯೊ ತಾಲ್ಯೋನಿ ಇದನ್ನು 1956ರಲ್ಲಿ ಡುಕಾಟಿಯ 125 ಸಿಸಿ ರೇಸ್ ಗಾಡಿಗೆ ಹಾಕಿದರು. ಇವೆಲ್ಲದರ ಮೇಲೆ ಬಲಗಡೆ ಡ್ರೈ ಕ್ಲಚ್. ಅದರ ಪ್ಲೇಟುಗಳು ಎಣ್ಣೆಯಲ್ಲಿ ಮುಳುಗಿರುವುದಿಲ್ಲ. ಕ್ಲಚ್ ಹಿಡಿದರೆ ಗಲಗಲ ಅನ್ನುತ್ತದೆ, ಬಿಟ್ಟರೆ ಸುಮ್ಮನಾಗುತ್ತದೆ. ಮೊದಲ ಸಲ ಕೇಳಿದವರು ಗಾಡಿ ಕೆಟ್ಟಿದೆ ಅಂತಲೇ ತಿಳಿಯುತ್ತಾರೆ.

ಇಷ್ಟೆಲ್ಲ ಸದ್ದು ಇರುವ ಗಾಡಿಯಿಂದ ನಾನು ಹಿಡಿದು ತಂದದ್ದು ಬರೀ ಗಾಳಿ!

ಚಿತ್ರದ ಕಷ್ಟ ಬೇಗ ಮುಗಿಯಿತು. ಕ್ಯಾಮೆರಾವನ್ನು ಫ್ರೇಮಿನ ಪೈಪಿಗೆ ಕಟ್ಟಿದೆ, ಇಂಜಿನ್ ನಡುಕಕ್ಕೆ ರಸ್ತೆಯೆಲ್ಲ ಜೆಲ್ಲಿಯ ಹಾಗೆ ಅಲುಗಾಡಿತು. ಎದೆಗೆ ಕಟ್ಟಿದೆ, ಹ್ಯಾಂಡಲ್ ತಗ್ಗಿನಲ್ಲಿರುವುದರಿಂದ ಬಗ್ಗಿ ಕೂತಾಗ ಬರೀ ಪೆಟ್ರೋಲ್ ಟ್ಯಾಂಕ್ ಕಾಣಿಸಿತು. ಕೊನೆಗೆ ಹೆಲ್ಮೆಟ್ಟಿನ ಗಲ್ಲದ ಹತ್ತಿರ ಅಂಟಿಸಿದೆ. ನಾನು ನೋಡಿದ್ದೇ ಅದಕ್ಕೂ ಕಾಣುತ್ತದೆ. ಲೆನ್ಸ್ ಮೇಲೆ ಬೆಳಕು ತಗ್ಗಿಸುವ ಕಪ್ಪು ಎನ್‌ಡಿ ಫಿಲ್ಟರ್ ಹಾಕಿದ ಮೇಲೆ ಮರಗಳು ಟಕಟಕ ಹಾರುವುದೂ ನಿಂತಿತು. ಇಷ್ಟೇ.

ಸದ್ದಿಗೆ ಬೇರೆಯೇ ರೆಕಾರ್ಡರ್ ಬೇಕಾಯಿತು. ಗಂಟೆಗೆ 60 ಕಿಲೋಮೀಟರ್ ದಾಟಿದರೆ ಹೆಲ್ಮೆಟ್ ಮೇಲಿನ ಯಾವ ಮೈಕಿಗೂ ಗಾಳಿ ಬಿಟ್ಟು ಬೇರೇನೂ ಕೇಳುವುದಿಲ್ಲ. ಗಾಳಿ ಇಲ್ಲದ ಜಾಗ ಎಂದರೆ ಸೀಟಿನ ಹಿಂದಿನ ಬಾಲ. ಚಿಕ್ಕ ರೆಕಾರ್ಡರನ್ನು ಸ್ಪಂಜಿನಲ್ಲಿ ಸುತ್ತಿ ಸೀಟಿನ ಕೆಳಗಿಟ್ಟೆ. ಅದರಿಂದ ವೈರ್ ಎಳೆದು, ಅಂಗಿಗೆ ಸಿಕ್ಕಿಸುವಂಥ ಮೈಕನ್ನು ನಂಬರ್ ಪ್ಲೇಟಿನ ಹಿಂಬದಿಗೆ ಟೇಪ್ ಹಾಕಿ ಅಂಟಿಸಿದೆ. ಮೈಕಿಗೆ ಮೊದಲು ಫೋಮ್, ಅದರ ಮೇಲೆ ತುಪ್ಪಳದ ಟೋಪಿ. ಸೈಲೆನ್ಸರಿಗೆ ತೀರಾ ಹತ್ತಿರ ಹೋಗಬಾರದು, ಫೋಮ್ ಕರಗುತ್ತದೆ. ಕರಗಿಸಿಯೇ ಕಲಿತೆ.

ರೆಕಾರ್ಡಿಂಗ್ ಮಟ್ಟವನ್ನು ಆಟೋದಲ್ಲಿ ಬಿಡಬೇಡಿ. ಬಿಟ್ಟರೆ ಗಾಡಿ ನಿಂತಾಗಲೂ ಅಷ್ಟೇ ಸದ್ದು, ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗಲೂ ಅಷ್ಟೇ ಸದ್ದು ಬರುತ್ತದೆ. ನಾನು ಮನೆ ಮುಂದೆ ಒಂದು ಸಲ ಚೆನ್ನಾಗಿ ರೇಸ್ ಮಾಡಿ, ಮೀಟರ್ ಕೆಂಪು ಮುಟ್ಟದ ಹಾಗೆ ಕೈಯಲ್ಲೇ ಇಟ್ಟುಕೊಳ್ಳುತ್ತೇನೆ. ಪಕ್ಕದ ಮನೆಯವರಿಗೆ ಆಗಾಗ ಒಂದು ಡಬ್ಬಿ ಕೋಡುಬಳೆ ಕೊಡುವುದು ಇದೇ ಕಾರಣಕ್ಕೆ.

ಇನ್ನು ಚಿತ್ರ ಮತ್ತು ಸದ್ದು ಎರಡನ್ನೂ ಕೂಡಿಸಬೇಕಲ್ಲ. ಸಿನಿಮಾದವರು ಪಟ್ ಅಂತ ಕ್ಲ್ಯಾಪ್ ಹೊಡೆಯುತ್ತಾರೆ. ಗ್ಲೌಸ್ ಹಾಕಿಕೊಂಡು ಚಪ್ಪಾಳೆ ತಟ್ಟಿದರೆ ದಿಂಬಿಗೆ ಗುದ್ದಿದ ಹಾಗಾಗುತ್ತದೆ. ಅದಕ್ಕೆ ಹೊರಡುವಾಗ ಮೂರು ಸಲ ಹಾರ್ನ್. ವಾಪಸ್ ಬಂದ ಮೇಲೂ ಮೂರು ಸಲ. ಯಾಕೆಂದರೆ ಎರಡು ಯಂತ್ರಗಳ ಗಡಿಯಾರ ಒಂದೇ ಸಮ ಓಡುವುದಿಲ್ಲ. ಒಂದು ಗಂಟೆ ಕಳೆಯುವುದರೊಳಗೆ ಗೇರ್ ಬದಲಿಸುವ ಕಾಲಿಗೂ ಸದ್ದಿಗೂ ತಾಳ ತಪ್ಪಿರುತ್ತದೆ.

ನಾನು ಹೋಗುವ ರಸ್ತೆ ಯಾವಾಗಲೂ ಫೂತಾ. ಬೊಲೊನ್ಯಾದಿಂದ ಫ್ಲಾರೆನ್ಸಿಗೆ ಹೋಗುವ ಹಳೆಯ ದಾರಿ, 65ನೇ ನಂಬರಿನ ಹೆದ್ದಾರಿ. ಪಿಯಾನೋರೊ, ಲೊಯಾನೊ, ಮೊಂಗಿದೋರೊ ದಾಟಿದರೆ 968 ಮೀಟರ್ ಎತ್ತರದ ರಾತಿಕೋಸಾ ಘಾಟಿ. ಭಾನುವಾರ ಅಲ್ಲಿನ ಕಾಫಿ ಅಂಗಡಿ ಮುಂದೆ ಬೈಕುಗಳ ಸಂತೆ. ಇನ್ನೂ ಸ್ವಲ್ಪ ಹೋದರೆ 903 ಮೀಟರಿನ ಫೂತಾ. ಅಲ್ಲಿ ಎರಡನೇ ಮಹಾಯುದ್ಧದಲ್ಲಿ ಸತ್ತ 30,000ಕ್ಕೂ ಹೆಚ್ಚು ಜರ್ಮನ್ ಸೈನಿಕರ ಸಮಾಧಿಗಳಿವೆ. ಅದರ ಮುಂದೆ ಹೋಗುವಾಗ ನಾನು ಆಕ್ಸಿಲರೇಟರ್ ಇಳಿಸುತ್ತೇನೆ. ವಿಡಿಯೋದಲ್ಲೂ ಆ ತುಂಡನ್ನು ಹಾಗೇ ಬಿಡುತ್ತೇನೆ.

ಈ ಗಾಡಿಯನ್ನು ಅಲ್ಲಿ ಓಡಿಸುವುದಕ್ಕೆ ಜೋರು ಬೇಕಿಲ್ಲ. ಊರ ಹೊರಗೆ 90ರ ಮಿತಿ, ಎಷ್ಟೋ ಕಡೆ ಇನ್ನೂ ಕಡಿಮೆ. 3,000 ಆರ್‌ಪಿಎಂ (ನಿಮಿಷಕ್ಕೆ ಇಂಜಿನ್ ತಿರುಗುವ ಸುತ್ತು) ಕೆಳಗೆ ದೊಡ್ಡ ಗೇರಿನಲ್ಲಿ ಎಳೆದರೆ ಚೈನ್ ಎಗರಾಡುತ್ತದೆ, ಗಾಡಿ ಮುನಿಸಿಕೊಳ್ಳುತ್ತದೆ. ನಾಲ್ಕೈದು ಸಾವಿರದಲ್ಲಿಟ್ಟು ಮೂರನೇ ಗೇರಿನಲ್ಲೇ ತಿರುವಿನಿಂದ ತಿರುವಿಗೆ ಹೋಗಬಹುದು. ಹ್ಯಾಂಡಲ್ ಪೂರ್ತಿ ತಿರುಗುವುದಿಲ್ಲ, ಹೇರ್‌ಪಿನ್‌ನಲ್ಲಿ ಯೋಚಿಸಿಯೇ ಒಳಗೆ ಹೋಗಬೇಕು. ಮಣಿಕಟ್ಟು ನೋಯುತ್ತದೆ. ನಲವತ್ತು ದಾಟಿದ ಮೇಲೆ ಜಾಸ್ತಿ ನೋಯುತ್ತದೆ.

ಕ್ಯಾಮೆರಾ ಆನ್ ಇದ್ದಾಗ ನಾನು ಸ್ವಲ್ಪ ಬೇರೆ ಮನುಷ್ಯ ಆಗುತ್ತಿದ್ದೆ, ಅದನ್ನೂ ಹೇಳಿಬಿಡುತ್ತೇನೆ. ಒಮ್ಮೆ ಒಂದು ಕಾರನ್ನು ಹಿಂದೆ ಹಾಕಿದ್ದು ವಿಡಿಯೋದಲ್ಲಿ ನೋಡಿದಾಗ ಹೊಟ್ಟೆ ಕಿವುಚಿತು. ಆಮೇಲೆ ಮನೆಯಲ್ಲೇ ಆನ್ ಮಾಡಿ, ವಾಪಸ್ ಬಂದ ಮೇಲೇ ಆಫ್ ಮಾಡುವ ಅಭ್ಯಾಸ ಮಾಡಿಕೊಂಡೆ. ಒಂದು ಗಂಟೆ ಕಳೆದರೆ ಕ್ಯಾಮೆರಾ ಇರುವುದೇ ಮರೆತುಹೋಗುತ್ತದೆ.

ಸದ್ದು ಸರಿಯಾಗಿ ಬರಲು ಶುರುವಾದ ಮೇಲೆ ಇನ್ನೊಂದು ಫಜೀತಿ. ಹೆಡ್‌ಫೋನ್ ಹಾಕಿಕೊಂಡು ಎಡಿಟ್ ಮಾಡುವಾಗ ಒಂದು ಸಣ್ಣ ಕೀರಲು ದನಿ. ಆರ್‌ಪಿಎಂ ಏರಿದಂತೆ ಅದೂ ಏರುತ್ತಿತ್ತು. ರಸ್ತೆಯಲ್ಲಿ ನನಗೆ ಯಾವತ್ತೂ ಕೇಳಿರಲಿಲ್ಲ, ಕಿವಿಯಲ್ಲಿ ಇಯರ್‌ಪ್ಲಗ್ ಇರುತ್ತದಲ್ಲ. ಹಳೆಯ ವಿಡಿಯೋಗಳನ್ನು ಒಂದೊಂದಾಗಿ ಕೇಳುತ್ತಾ ಹೋದೆ. ಮೂರು ವಾರದ ಹಿಂದಿನದರಲ್ಲಿ ಇದೆ, ನಾಲ್ಕು ವಾರದ ಹಿಂದಿನದರಲ್ಲಿ ಇಲ್ಲ. ಆ ನಡುವೆ ನಾನು ಮಾಡಿದ್ದು ಒಂದೇ ಕೆಲಸ, ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ಆಡಿಸುವ ಟೈಮಿಂಗ್ ಬೆಲ್ಟ್ ಬದಲಿಸಿದ್ದು. ಈ ಇಂಜಿನ್‌ಗಳ ಬೆಲ್ಟನ್ನು ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಗಾಡಿ ಓಡಲಿ, ಬಿಡಲಿ. ಬಿಗಿ ನೋಡಲು ಮನೆಯಲ್ಲಿ ಕೆಲಸ ಮಾಡುವವರ ಒಂದು ಉಪಾಯ ಇದೆ. ರೋಲರಿಗೂ ಬೆಲ್ಟಿಗೂ ನಡುವೆ 5 ಮಿಲಿಮೀಟರಿನ ಅಲೆನ್ ಕೀ ತೂರಬೇಕು, 6ರದ್ದು ತೂರಬಾರದು. ಕವರ್ ಬಿಚ್ಚಿ ನೋಡಿದರೆ 5ರದ್ದೇ ಒಳಗೆ ಹೋಗಲಿಲ್ಲ. ಸಡಿಲ ಆದರೆ ಹಲ್ಲು ಹಾರಿ ವಾಲ್ವ್ ಹೋದೀತು ಅನ್ನುವ ಹೆದರಿಕೆಯಲ್ಲಿ ಜಾಸ್ತಿ ಎಳೆದುಬಿಟ್ಟಿದ್ದೆ. ಹಾಗೇ ಓಡಿಸಿದ್ದರೆ ಬೇರಿಂಗ್ ತಿನ್ನುತ್ತಿತ್ತು. ಬೆಲ್ಟ್ ಸಡಿಲಿಸಿದೆ, ಕೀರಲು ನಿಂತಿತು.

ಅಂದಿನಿಂದ ಪ್ರತಿ ಸವಾರಿಯ ಸದ್ದನ್ನು ತಾರೀಕು ಬರೆದು ಇಟ್ಟುಕೊಳ್ಳುತ್ತೇನೆ. ಚಿತ್ರ ಅಳಿಸಿದರೂ ಸದ್ದು ಅಳಿಸುವುದಿಲ್ಲ.

ಅದೇ ನವೆಂಬರಿನಲ್ಲಿ ರಾತಿಕೋಸಾ ಹತ್ತಿರ ದಟ್ಟ ಮಂಜು. ಗಾಡಿ ಎಳೆಯುವುದು ಕಡಿಮೆಯಾಯಿತು, ಐಡ್ಲಿಂಗ್ ನಿಲ್ಲಲಿಲ್ಲ, ಕೊನೆಗೆ ಆಫ್ ಆಯಿತು. ರಸ್ತೆ ಪಕ್ಕಕ್ಕೆ ತಳ್ಳಿ, ಪ್ಲಗ್ ಬಿಚ್ಚಲು ಟೂಲ್ ಹುಡುಕುವಷ್ಟರಲ್ಲಿ ಐದು ನಿಮಿಷ ಆಯಿತು. ಸುಮ್ನೆ ಬಟನ್ ಒತ್ತಿದೆ. ಏನೂ ಆಗೇ ಇಲ್ಲ ಅನ್ನುವ ಹಾಗೆ ಸ್ಟಾರ್ಟ್ ಆಯಿತು! ಅದು ಕಾರ್ಬುರೇಟರಿನಲ್ಲಿ ಕಟ್ಟಿದ ಮಂಜುಗಡ್ಡೆ. ಪೆಟ್ರೋಲ್ ಆವಿಯಾಗುವಾಗ ಕಾರ್ಬುರೇಟರಿನ ಗಂಟಲು ತಣ್ಣಗಾಗುತ್ತದೆ. ತೇವದ ಗಾಳಿ ಇದ್ದರೆ ಅಲ್ಲೇ ಹೆಪ್ಪುಗಟ್ಟುತ್ತದೆ. ನಿಂತರೆ ಇಂಜಿನ್ ಬಿಸಿಗೆ ತಾನೇ ಕರಗುತ್ತದೆ. ಬಿಚ್ಚಿ ನೋಡಿದವರಿಗೆ ಏನೂ ಸಿಗುವುದಿಲ್ಲ. ಮನೆಗೆ ಬಂದು ರೆಕಾರ್ಡಿಂಗ್ ಕೇಳಿದರೆ, ನನಗೆ ಗೊತ್ತಾಗುವ ನಾಲ್ಕು ನಿಮಿಷ ಮುಂಚೆಯೇ ಆ ಕುಂಟು ತಾಳ ತಡವರಿಸಲು ಶುರುವಾಗಿತ್ತು.

ಆ ಸವಾರಿಯನ್ನು ಪೂರ್ತಿ ಅಪ್ಪನಿಗೆ ಕಳಿಸಿದೆ. ಈ ಸಲ ಫೋನ್ ಬರಲು ಒಂದು ಗಂಟೆ ಹಿಡಿಯಿತು.

"ಕ್ಲಚ್ ಹಿಡಿದಾಗ ಬಾಣಲೇಲಿ ಕಡಲೆಕಾಯಿ ಹುರಿದ ಹಾಗಿದೆ ಕಣೋ. ಅದು ಹಾಗೇ ಇರೋದಾ?"

"ಹೂಂ ಅಪ್ಪ, ಹಾಗೇ ಇರೋದು."

ಮಾರನೇ ದಿನ ಅವರೇ ಒಂದು ವಿಡಿಯೋ ಕಳಿಸಿದರು. ಯೆಜ್ಡಿ ಹಿತ್ತಲಲ್ಲಿ ನಿಂತು ಐಡ್ಲಿಂಗ್ ಆಗುತ್ತಿದೆ. ಚಿತ್ರದಲ್ಲಿ ಅರ್ಧ ಅವರ ಹೆಬ್ಬೆರಳು. ಮೂರನೇ ನಿಮಿಷಕ್ಕೆ ಅಮ್ಮ ಹೊಗೆ ಹೊಗೆ ಅಂತ ಬೈಯುವುದು ಸ್ಪಷ್ಟವಾಗಿ ಕೇಳುತ್ತದೆ. ಅದಕ್ಕೂ ತಾರೀಕು ಬರೆದು ಇಟ್ಟಿದ್ದೇನೆ.