ಎಲ್‌ಎಲ್‌ಆರ್ ನೀವೇ ಮಾಡಿಸ್ಕೊಳ್ಳಿ, ಬ್ರೋಕರ್ ಬೇಕಾಗಿಲ್ಲ

ಎಲ್‌ಎಲ್‌ಆರ್, ಅಂದ್ರೆ ಗಾಡಿ ಕಲಿಯೋರಿಗೆ ಕೊಡೋ ಲರ್ನರ್ ಲೈಸೆನ್ಸ್, ಮಾಡಿಸ್ಬೇಕು ಅಂತ ಬಾಯ್ಬಿಟ್ರೆ ಸಾಕು, ಯಾರಾದ್ರೂ ಒಬ್ರು ತಕ್ಷಣ ಬ್ರೋಕರ್ ನಂಬರ್ ಕೊಟ್ಬಿಡ್ತಾರೆ. ಬೇಡ, ಇಸ್ಕೋಬೇಡಿ. ಕೇಂದ್ರದ ನಿಯಮದ ಪ್ರಕಾರ ಲರ್ನರ್ ಲೈಸೆನ್ಸ್ ಫೀಸು ಒಂದೊಂದು ಕ್ಲಾಸ್ ಗಾಡಿಗೆ 150 ರೂಪಾಯಿ, ಟೆಸ್ಟಿಗೆ 50 ರೂಪಾಯಿ, ಅಷ್ಟೇ. ಆಧಾರ್ ಇದ್ದು ಅದಕ್ಕೆ ಮೊಬೈಲ್ ನಂಬರ್ ಲಿಂಕ್ ಆಗಿದ್ರೆ ಆರ್‌ಟಿಒ ಮೆಟ್ಟಿಲು ಹತ್ತೋದೂ ಬೇಡ, ಅರ್ಜಿ, ಫೀಸು, ಟೆಸ್ಟು ಎಲ್ಲಾ ಮನೇಲೇ ಕೂತು ಮುಗಿಸ್ಬಹುದು. ಆದ್ರೆ ಅದಕ್ಕಿಂತ ಮೊದಲು ವಯಸ್ಸಿನ ವಿಷಯ ಸರಿಯಾಗಿ ತಿಳ್ಕೊಳ್ಳಿ, ಯಾಕಂದ್ರೆ ಮನೆಮನೇಲೂ ತಪ್ಪು ತಿಳುವಳಿಕೆ ಇರೋದು ಇಲ್ಲೇ.

1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಕಾರು, ಬೈಕು, ಮಾಮೂಲಿ ಸ್ಕೂಟರ್ ಓಡಿಸೋಕೆ 18 ತುಂಬಿರ್ಬೇಕು, ಬಾಡಿಗೆಗೆ ಓಡ್ಸೋ ಟ್ರಾನ್ಸ್‌ಪೋರ್ಟ್ ವಾಹನ ಆದ್ರೆ 20. ಹದಿನಾರಕ್ಕೇ ಲೈಸೆನ್ಸ್ ಸಿಗುತ್ತಂತೆ ಅಂತ ಪಿಯುಸಿ ಮಕ್ಕಳು ಹೇಳ್ತಾರಲ್ಲ, ಅದು ಸುಳ್ಳಲ್ಲ, ಆದ್ರೆ ಅರ್ಧ ಮಾತು. 16 ತುಂಬಿದೋರಿಗೆ ಸಿಗೋದು ಗೇರ್ ಇಲ್ಲದ, ಇಂಜಿನ್ 50 ಸಿಸಿ ಮೀರದ ದ್ವಿಚಕ್ರ ವಾಹನಕ್ಕೆ ಮಾತ್ರ, ಅದಕ್ಕೂ ಅಪ್ಪ ಅಮ್ಮ ಅಥವಾ ಪೋಷಕರು ಬರಹದಲ್ಲಿ ಒಪ್ಪಿಗೆ ಕೊಡ್ಬೇಕು. ಈಗ ನಿಮ್ಮನೆ ಮುಂದೆ ನಿಂತಿರೋ ಸ್ಕೂಟರ್ ಆರ್‌ಸಿ (ನೋಂದಣಿ ಪತ್ರ) ತೆಗೆದು ನೋಡಿ. ಆಕ್ಟಿವಾ 110 ಸಿಸಿ ಹತ್ರ ಬರುತ್ತೆ, ಟಿವಿಎಸ್ ಎಕ್ಸ್‌ಎಲ್ ಕೂಡ 100ರ ಹತ್ರ. ಅಂದ್ರೆ ಹದಿನಾರರ ಹುಡುಗ ಹುಡುಗಿ ಕೈಯಲ್ಲಿ ಎಲ್‌ಎಲ್‌ಆರ್ ಇದ್ರೂ ಆ ಗಾಡಿ ಓಡಿಸೋ ಹಾಗಿಲ್ಲ, ಗೇರ್ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಅದು ಸರಿ ಆಗಲ್ಲ.

ಹೆತ್ತವರು ಇದನ್ನ ದಯವಿಟ್ಟು ಗಮನ ಇಟ್ಟು ಓದಿ. 2019ರ ತಿದ್ದುಪಡಿಯಲ್ಲಿ 199ಎ ಅಂತ ಒಂದು ಕಲಂ ಸೇರಿಸಿದ್ದಾರೆ. ಲೈಸೆನ್ಸ್ ಇಲ್ಲದ ಅಪ್ರಾಪ್ತ ಮಕ್ಕಳು ಗಾಡಿ ಓಡಿಸಿ ಅಪರಾಧ ಆದ್ರೆ ಪೋಷಕರು ಅಥವಾ ಗಾಡಿ ಮಾಲೀಕರೇ ತಪ್ಪಿತಸ್ಥರು, ಅವರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ರಿಜಿಸ್ಟ್ರೇಷನ್ 12 ತಿಂಗಳು ರದ್ದು, ಮೇಲಿಂದ ಆ ಮಗುವಿಗೆ 25 ವರ್ಷ ಆಗೋವರೆಗೂ ಡಿಎಲ್ಲೂ (ಪೂರ್ತಿ ಲೈಸೆನ್ಸ್) ಇಲ್ಲ ಎಲ್‌ಎಲ್‌ಆರೂ ಇಲ್ಲ. ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದ ಮೇಲೂ ಲೈಸೆನ್ಸ್ ಇಲ್ಲದೆ ಓಡಾಡೋ ಸ್ಥಿತಿ ಬರುತ್ತೆ. "ಇಲ್ಲೇ ಹಾಲಿನ ಬೂತ್‌ಗೆ ತಾನೇ, ಹೋಗ್ಬರ್ಲಿ ಬಿಡಿ" ಅಂತ ಕೀ ಕೊಡೋ ಮುಂಚೆ ಇದು ನೆನಪಿರ್ಲಿ. ಮಕ್ಕಳಿಗೆ ಟ್ಯೂಷನ್‌ಗೆ ಹೋಗೋಕೆ ಏನಾದ್ರೂ ಬೇಕೇಬೇಕು ಅಂದ್ರೆ 250 ವ್ಯಾಟ್‌ಗಿಂತ ಕಮ್ಮಿ ಪವರ್, ಗಂಟೆಗೆ 25 ಕಿಲೋಮೀಟರ್‌ಗಿಂತ ಕಮ್ಮಿ ವೇಗದ ಎಲೆಕ್ಟ್ರಿಕ್ ಗಾಡಿಗಳು ಇವೆ, ಅವಕ್ಕೆ ಲೈಸೆನ್ಸ್ ಬೇಕಿಲ್ಲ, ಆದ್ರೂ ಹೆಲ್ಮೆಟ್ ಹಾಕ್ಸಿ ಕಳ್ಸಿ.

ಸರಿ, ವಯಸ್ಸು ಆಯ್ತು, ಈಗ ದಾಖಲೆ. ಆಧಾರ್ ಮೂಲಕ ಅರ್ಜಿ ಹಾಕಿದ್ರೆ ನಿಮ್ಮ ಹೆಸರು, ಹುಟ್ಟಿದ ದಿನ, ವಿಳಾಸ, ಫೋಟೋ ಎಲ್ಲ ಸೀದಾ ಆಧಾರ್‌ನಿಂದಲೇ ಬರುತ್ತೆ, ಅಲ್ಲಿ ನೀವು ತಿದ್ದೋಕೆ ಆಗಲ್ಲ. ನಮ್ಮ ಕಡೆ ಇನಿಷಿಯಲ್‌ದೇ ದೊಡ್ಡ ತಲೆನೋವು. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಲ್ಲಿ "ಮಂಜುನಾಥ ಹೆಚ್ ಎಸ್" ಅಂತ ಇರುತ್ತೆ, ಆಧಾರ್‌ನಲ್ಲಿ ಬರೀ "ಮಂಜುನಾಥ" ಅಂತ, ಪ್ಯಾನ್ ಕಾರ್ಡಲ್ಲಿ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರು ಊರಿನ ಹೆಸರು ಸೇರಿಸಿ ಮೂರನೇದೊಂದು. ಎಲ್‌ಎಲ್‌ಆರ್‌ನಲ್ಲಿ ಬಂದ ಹೆಸರೇ ಮುಂದೆ ಡಿಎಲ್‌ಗೂ ಹೋಗುತ್ತೆ, ಆಮೇಲೆ ತಿದ್ದಿಸೋಕೆ ಹೋದ್ರೆ ಮತ್ತೆ ಅರ್ಜಿ ಮತ್ತೆ ಫೀಸು. ಹಾಗಾಗಿ ಅರ್ಜಿ ಹಾಕೋ ಮುಂಚೆನೇ ಆಧಾರ್ ಸೆಂಟರ್‌ಗೆ ಹೋಗಿ ಹೆಸರು, ವಿಳಾಸ, ಮೊಬೈಲ್ ನಂಬರ್ ಸರಿ ಮಾಡಿಸ್ಕೊಂಡ್ಬಿಡಿ. ಹದಿಹರೆಯದೋರಿಗೆ ಇನ್ನೊಂದು ವಿಷಯ, 15 ವರ್ಷ ಆದಾಗ ಆಧಾರ್ ಬಯೋಮೆಟ್ರಿಕ್ ಅಪ್‌ಡೇಟ್ ಮಾಡಿಸ್ಬೇಕು, ಮಾಡಿಸಿಲ್ಲ ಅಂದ್ರೆ ಐದನೇ ಕ್ಲಾಸಲ್ಲಿ ತೆಗೆದ ಫೋಟೋನೇ ಲೈಸೆನ್ಸ್ ಮೇಲೆ ಬಂದು ಕೂರುತ್ತೆ.

ಆಧಾರ್ ದಾರಿ ಬೇಡ ಅನ್ನೋರಿಗೆ ಹಳೇ ದಾರಿನೂ ಇದೆ. ವಯಸ್ಸಿಗೆ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್ ಅಥವಾ ಜನನ ಪ್ರಮಾಣಪತ್ರ, ವಿಳಾಸಕ್ಕೆ ವೋಟರ್ ಐಡಿ ಅಥವಾ ಪಾಸ್‌ಪೋರ್ಟ್ ಅಪ್‌ಲೋಡ್ ಮಾಡಿ, ಸ್ಲಾಟ್ ಬುಕ್ ಮಾಡಿ, ಒರಿಜಿನಲ್ ಹಿಡ್ಕೊಂಡು ಆರ್‌ಟಿಒಗೆ ಹೋಗಿ ಅಲ್ಲೇ ಕಂಪ್ಯೂಟರಲ್ಲಿ ಟೆಸ್ಟ್ ಬರೀಬೇಕು. 40 ದಾಟಿದೋರಿಗೆ ಡಾಕ್ಟರ್ ಸಹಿ ಮಾಡಿದ ಫಾರಂ 1ಎ ಕೂಡ ಬೇಕು.

ವೆಬ್‌ಸೈಟ್ ವಿಷಯದಲ್ಲಿ ಹುಷಾರು. ಅರ್ಜಿ ಹಾಕೋದು ಸರ್ಕಾರದ ಪರಿವಾಹನ್ ಸೈಟಲ್ಲಿ, ಆ ಹೆಸರು ಸರ್ಚ್ ಮಾಡಿದ್ರೆ ಅದೇ ಥರ ಕಾಣೋ ಬೇರೆ ಸೈಟ್‌ಗಳೂ ಬರ್ತವೆ, ವಿಳಾಸದ ಕೊನೇಲಿ ಜಿಒವಿ ಡಾಟ್ ಇನ್ ಅಂತ ಇದೆಯಾ ನೋಡ್ಕೊಂಡೇ ಒಳಗೆ ಹೋಗಿ. ಅದರಲ್ಲಿ ಲೈಸೆನ್ಸ್ ಕೆಲಸಕ್ಕೆ ಇರೋ ಸಾರಥಿ ಪೋರ್ಟಲ್‌ನಲ್ಲಿ ಕರ್ನಾಟಕ ಆಯ್ಕೆ ಮಾಡಿ ಲರ್ನರ್ ಲೈಸೆನ್ಸ್ ಅರ್ಜಿ ತೆಗೀರಿ, ಆಧಾರ್ ನಂಬರ್ ಹಾಕಿ, ಓಟಿಪಿ ಕೊಡಿ, ಅಲ್ಲಿಂದ ಮುಂದೆ ಅದೇ ಕರ್ಕೊಂಡು ಹೋಗುತ್ತೆ. ಯೋಚ್ನೆ ಮಾಡ್ಬೇಕಾದ್ದು ಒಂದೇ ಕಡೆ, ಯಾವ ಕ್ಲಾಸ್ ಟಿಕ್ ಮಾಡ್ಬೇಕು ಅನ್ನೋದು. ಗೇರ್ ಇರೋ ಬೈಕ್ ಕ್ಲಾಸ್ ತಗೊಂಡ್ರೆ ಗೇರ್ ಇಲ್ಲದ ಸ್ಕೂಟರ್ ಕೂಡ ಓಡಿಸ್ಬಹುದು, ಉಲ್ಟಾ ಆಗಲ್ಲ. ಕಾರು ಕಲಿಯೋ ಆಸೆ ಇದ್ರೆ ಎಲ್‌ಎಂವಿ (ಕಾರಿನಂಥ ಲಘು ವಾಹನದ ಕ್ಲಾಸ್) ಕೂಡ ಈಗ್ಲೇ ಸೇರಿಸಿ, ಎರಡು ಸಲ ಓಡಾಡೋದು ತಪ್ಪುತ್ತೆ. ರಕ್ತದ ಗುಂಪು ಗೊತ್ತಿಲ್ಲ ಅಂದ್ರೆ ಟೆಸ್ಟ್ ಮಾಡಿಸಿ ಹಾಕಿ, ಅಂದಾಜಲ್ಲಿ ಹಾಕ್ಬೇಡಿ.

ಜೊತೆಗೆ ಫಾರಂ 1 ಬರುತ್ತೆ, ನಿಮ್ಮ ಆರೋಗ್ಯದ ಬಗ್ಗೆ ನೀವೇ ಕೊಡೋ ಘೋಷಣೆ. ಎಲ್ಲರೂ ಕಣ್ಣುಮುಚ್ಚಿ ಟಿಕ್ ಮಾಡಿ ಮುಂದೆ ಹೋಗೋ ಜಾಗ ಇದು, ನನಗೆ ತುಂಬ ಬೇಜಾರಾಗೋದೂ ಇದಕ್ಕೇ. ಅಲ್ಲಿ ಕೇಳೋದು ಏನು ನೋಡಿ: ಮೂರ್ಛೆ ರೋಗ ಅಥವಾ ಇದ್ದಕ್ಕಿದ್ದಂಗೆ ತಲೆಸುತ್ತಿ ಪ್ರಜ್ಞೆ ತಪ್ಪೋದು ಇದೆಯಾ, ಒಳ್ಳೆ ಬೆಳಕಲ್ಲಿ 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟ್ ಓದೋಕೆ ಆಗುತ್ತಾ, ಇರುಳುಗಣ್ಣು ಇದೆಯಾ. 25 ಮೀಟರ್ ಅಂದ್ರೆ ಎಷ್ಟು ಅಂತ ರಸ್ತೇಲಿ ಅಳೆದು ನಿಂತು ನಿಜವಾಗಿ ಓದಿ ನೋಡಿ, ಕನ್ನಡಕ ಇದ್ರೆ ಹಾಕ್ಕೊಂಡೇ ಓದ್ಬಹುದು. ಓದೋಕೆ ಆಗಿಲ್ಲ ಅಂದ್ರೆ ಅರ್ಜಿ ಅಲ್ಲಿಗೇ ನಿಲ್ಲಿಸಿ ಮೊದ್ಲು ಕಣ್ಣಿನ ಡಾಕ್ಟರ್ ಹತ್ರ ಹೋಗಿ.

ಇನ್ನು ಟೆಸ್ಟು. ಮನೇಲಿ ಬರೆಯೋರಿಗೆ ಮೊದಲು ರಸ್ತೆ ಸುರಕ್ಷತೆ ವಿಡಿಯೋ ಬರುತ್ತೆ, ಪೂರ್ತಿ ನೋಡಿದ್ಮೇಲೇ ಪ್ರಶ್ನೆ. ಭಾಷೆ ಕನ್ನಡ ಆಯ್ಕೆ ಮಾಡ್ಕೋಬಹುದು, ಮಾಡ್ಕೊಳ್ಳಿ. ಪಾಸಾಗೋಕೆ ನೂರಕ್ಕೆ 60 ಸರಿ ಇರ್ಬೇಕು. ಚಿಹ್ನೆಗಳನ್ನ ಒಂದೊಂದಾಗಿ ಉರು ಹೊಡೆಯೋದಕ್ಕಿಂತ ಆಕಾರ ತಿಳ್ಕೊಂಡ್ರೆ ಅರ್ಧ ಕೆಲಸ ಆದಂಗೆ: ಕೆಂಪು ಅಂಚಿನ ತ್ರಿಕೋನ ಅಂದ್ರೆ ಮುಂದೆ ಏನೋ ಇದೆ ಎಚ್ಚರ, ವೃತ್ತ ಅಂದ್ರೆ ಪಾಲಿಸಲೇಬೇಕಾದ ಆಜ್ಞೆ, ನೀಲಿ ಚೌಕ ಅಂದ್ರೆ ಬರೀ ಮಾಹಿತಿ. ಎಂಟು ಮೂಲೆ ಕೆಂಪು ಅಂದ್ರೆ ನಿಲ್ಲಿ, ತಲೆಕೆಳಗಾದ ತ್ರಿಕೋನ ಅಂದ್ರೆ ಬೇರೆ ಗಾಡಿಗಳಿಗೆ ದಾರಿ ಬಿಡಿ. ತುಂಬ ಜನ ಗೊಂದಲ ಮಾಡ್ಕೊಳ್ಳೋದು ಕೆಂಪು ಅಂಚಿನ ಎರಡು ನೀಲಿ ವೃತ್ತದಲ್ಲಿ, ಒಂದೇ ಅಡ್ಡಗೆರೆ ಇದ್ರೆ ಪಾರ್ಕಿಂಗ್ ಇಲ್ಲ, ಎರಡು ಗೆರೆ ಕತ್ತರಿ ಥರ ಇದ್ರೆ ಅಲ್ಲಿ ಗಾಡಿ ನಿಲ್ಲಿಸಲೇಬಾರದು.

ಸಿಗ್ನಲ್‌ನಲ್ಲಿ ಹಳದಿ ಮಿನುಗ್ತಾ ಇದ್ರೆ ನಿಧಾನ ಮಾಡಿ ನೋಡ್ಕೊಂಡು ಹೋಗಿ, ಕೆಂಪು ಮಿನುಗ್ತಾ ಇದ್ರೆ ಪೂರ್ತಿ ನಿಲ್ಲಿಸಿ ಆಮೇಲೆ ಹೋಗಿ. ಕಾವಲು ಇಲ್ಲದ ರೈಲ್ವೆ ಕ್ರಾಸಿಂಗ್ ಬಂದ್ರೆ ಗಾಡಿ ನಿಲ್ಲಿಸಿ, ಜೊತೆಗಿದ್ದೋರು ಇಳಿದು ಹಳಿ ಹತ್ರ ನಡ್ಕೊಂಡು ಹೋಗಿ ರೈಲು ಬರ್ತಿಲ್ಲ ಅಂತ ಖಾತ್ರಿ ಮಾಡ್ಕೋಬೇಕು, ಯಾರೂ ಇಲ್ಲ ಅಂದ್ರೆ ಓಡಿಸೋರೇ ಇಳೀಬೇಕು, ಇದು ಕಾಯ್ದೇಲೇ ಇರೋ ಮಾತು. ಬಿಳಿ ಕೋಲು ಹಿಡ್ಕೊಂಡು ಕಣ್ಣು ಕಾಣದೋರು ರಸ್ತೆ ದಾಟ್ತಿದ್ರೆ ಆ ಕೋಲನ್ನೇ "ನಿಲ್ಲಿ" ಅನ್ನೋ ಚಿಹ್ನೆ ಅಂದ್ಕೊಂಡು ನಿಲ್ಲಿಸ್ಬೇಕು. ಈ ಪ್ರಶ್ನೆ ಟೆಸ್ಟಲ್ಲಿ ಬರ್ಲಿ ಬಿಡ್ಲಿ, ಇದನ್ನ ಮಾತ್ರ ಮರೀಬೇಡಿ.

ಮನೇಲೇ ಟೆಸ್ಟ್ ಅಲ್ವಾ ಅಂತ ಅಣ್ಣನೋ ಸೈಬರ್ ಸೆಂಟರ್‌ನೋರೋ ಉತ್ತರ ಒತ್ತೋದು ಈಗ ಮಾಮೂಲಾಗಿದೆ. ಅದು ಬೇಡ ಅಂತ ಕೈಮುಗಿದು ಕೇಳ್ಕೊತೀನಿ. ಒಂದು ಸಂಜೆ ಕೂತು ಓದಿದ್ರೆ ಮುಗಿಯೋ ವಿಷಯ, ಫೇಲಾದ್ರೆ ಇನ್ನೊಂದು ಸಲ 50 ರೂಪಾಯಿ ಕಟ್ಟಿ ಬರೀಬಹುದು, ಆದ್ರೆ ಚಿಹ್ನೆ ಗೊತ್ತಿಲ್ದೆ ರಸ್ತೆಗಿಳಿದ್ರೆ ಎದುರಿಗೆ ಬರೋ ಪಾಪದೋರು ಏನ್ ಮಾಡ್ಬೇಕು ಹೇಳಿ.

ಪಾಸಾದ್ಮೇಲೆ ಫಾರಂ 3 ರೂಪದಲ್ಲಿ ಎಲ್‌ಎಲ್‌ಆರ್ ಡೌನ್‌ಲೋಡ್ ಮಾಡ್ಕೋಬಹುದು, 6 ತಿಂಗಳು ಚಾಲ್ತಿ. ಅದು ಕೈಗೆ ಬಂತು ಅಂತ ಒಬ್ಬರೇ ಗಾಡಿ ತಗೊಂಡು ಹೊರಡೋ ಹಾಗಿಲ್ಲ. ಕಾರಲ್ಲಿ ಪಕ್ಕದಲ್ಲಿ ಪೂರ್ತಿ ಲೈಸೆನ್ಸ್ ಇರೋ ಒಬ್ರು ಕೂತಿರ್ಬೇಕು, ಅದೂ ಬೇಕಾದಾಗ ಗಾಡಿನ ಹಿಡಿತಕ್ಕೆ ತಗೊಳ್ಳೋ ಅಥವಾ ನಿಲ್ಲಿಸೋ ಹಾಗಿರೋ ಜಾಗದಲ್ಲಿ, ಹಿಂದಿನ ಸೀಟಲ್ಲಿ ಮಾವ ಮಲ್ಕೊಂಡಿದ್ರೆ ಲೆಕ್ಕಕ್ಕಿಲ್ಲ. ಬೈಕಲ್ಲಿ ಹಿಂದೆ ಕಲಿಸೋರನ್ನ ಬಿಟ್ಟು ಬೇರೆ ಯಾರನ್ನೂ ಕೂರಿಸ್ಬಾರದು. ಗಾಡಿ ಮುಂದೆ ಹಿಂದೆ ಎರಡೂ ಕಡೆ ಬಿಳಿ ಮೇಲೆ ಕೆಂಪು ಎಲ್ ಬೋರ್ಡ್ ಇರ್ಬೇಕು, ಬೋರ್ಡ್ ಕಮ್ಮಿ ಅಂದ್ರೂ 18 ಸೆಂಟಿಮೀಟರ್ ಚೌಕ, ಅಕ್ಷರ 10 ಸೆಂಟಿಮೀಟರ್ ಎತ್ತರ. ನೋಟ್‌ಬುಕ್ ಹಾಳೆ ಮೇಲೆ ಸ್ಕೆಚ್ ಪೆನ್ನಲ್ಲಿ ಗೀಚಿ ಅಂಟಿಸ್ತಾರಲ್ಲ, ಅದು ಹಿಂದಿನ ಬಸ್ ಡ್ರೈವರ್‌ಗೆ ಕಾಣೋದೇ ಇಲ್ಲ. ಇದೆಲ್ಲ ಪೊಲೀಸ್ ಹಿಡೀತಾರೆ ಅಂತ ಮಾತ್ರ ಹೇಳ್ತಿಲ್ಲ, ನಿಮ್ಮ ಇನ್ಶೂರೆನ್ಸ್ ಪಾಲಿಸಿ ತೆಗೆದು ಡ್ರೈವರ್ಸ್ ಕ್ಲಾಜ್, ಅಂದ್ರೆ ಯಾರು ಓಡಿಸ್ಬಹುದು ಅನ್ನೋ ಷರತ್ತಿನ ಸಾಲು ಓದಿ, ಎಲ್‌ಎಲ್‌ಆರ್ ಇರೋರು ಓಡಿಸ್ಬಹುದು ಆದ್ರೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 3ನೇ ನಿಯಮ ಪಾಲಿಸಿರ್ಬೇಕು ಅಂತ ಬರೆದಿರುತ್ತೆ. ಆ 3ನೇ ನಿಯಮ ಅಂದ್ರೆ ಇದೇ, ಬೋರ್ಡು ಮತ್ತು ಪಕ್ಕದಲ್ಲಿ ಕೂರೋ ವ್ಯಕ್ತಿ. ಅದಿಲ್ದೆ ಗುದ್ದಿದ್ರೆ ಕ್ಲೇಮ್ ಕೇಳೋಕೆ ಹೋದಾಗ ಕಷ್ಟ.

ಎಲ್‌ಎಲ್‌ಆರ್ ಬಂದು 30 ದಿನ ಆದ್ಮೇಲೆ ಡಿಎಲ್ ಟೆಸ್ಟ್ ಕೊಡ್ಬಹುದು. ಮೂವತ್ತನೇ ದಿನಕ್ಕೇ ಓಡ್ಬೇಡಿ, ಕೈ ಕೂತಿದೆಯಾ ನೋಡ್ಕೊಳ್ಳಿ, ಹಾಗಂತ ಐದೂವರೆ ತಿಂಗಳು ಸುಮ್ನಿದ್ದು ಕೊನೇ ವಾರ ಸ್ಲಾಟ್ ಹುಡುಕಿದ್ರೆ ಸಿಗದೇ ಹೋಗ್ಬಹುದು, ಆಮೇಲೆ ಮತ್ತೆ ಮೊದಲಿಂದ ಅರ್ಜಿ. ಮೂರನೇ ತಿಂಗಳಲ್ಲೇ ಸ್ಲಾಟ್ ಹಿಡಿದಿಟ್ರೆ ಒಳ್ಳೇದು. ಆ ದಿನ ಗಾಡಿಯ ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್ ಚಾಲ್ತಿಯಲ್ಲಿ ಇರ್ಲಿ, ಬೈಕ್ ಆದ್ರೆ ಹೆಲ್ಮೆಟ್ ಬೇಕು. ಫೇಲಾದ್ರೆ 7 ದಿನ ಬಿಟ್ಟು ಮತ್ತೆ ಟೆಸ್ಟ್ ಕೊಡ್ಬಹುದು. ಆದ್ರೆ ಮೂರು ಸಲ ಫೇಲಾದ್ರೆ 60 ದಿನ ಕಾಯ್ಬೇಕು, ಅಷ್ಟರಲ್ಲಿ ಎಲ್‌ಎಲ್‌ಆರ್ ಅವಧಿ ಮುಗೀದಂಗೆ ಮೊದಲೇ ಲೆಕ್ಕ ಹಾಕಿ ಸ್ಲಾಟ್ ತಗೊಳ್ಳಿ.