ಒಂದೇ ಪ್ರಶ್ನೆಯಿಂದ ಗೂಗಲ್ ಫಾರ್ಮ್ಸ್ ಕಲಿಯಿರಿ: ಬಿ.ಎಡ್., ಡಿ.ಎಲ್.ಎಡ್. ಪ್ರಶಿಕ್ಷಣಾರ್ಥಿಗಳಿಗೆ

ಇಂಟರ್ನ್‌ಶಿಪ್‌ಗೆ ಹೊರಡುವ ಮುನ್ನ ಹತ್ತು ಆ್ಯಪ್‌ಗಳನ್ನು ಅರೆಬರೆ ಕಲಿಯುವುದಕ್ಕಿಂತ ಗೂಗಲ್ ಫಾರ್ಮ್ಸ್ ಒಂದನ್ನೇ ಚೆನ್ನಾಗಿ ಪಳಗಿಸಿಕೊಳ್ಳುವುದು ಮೇಲು. ಆನ್‌ಲೈನ್‌ನಲ್ಲಿ ಪ್ರಶ್ನೆ ಕೇಳಿ ಉತ್ತರ ಪಡೆಯುವ ಸಾಧನವಿದು. ಖರ್ಚಿಲ್ಲ, ಸಾಧಾರಣ ಫೋನಿನಲ್ಲೂ ತೆರೆಯುತ್ತದೆ. ಆದರೆ ಹೆಚ್ಚಿನವರು ಅದನ್ನು ಅಂಕ ಎಣಿಸುವುದಕ್ಕಷ್ಟೇ ಬಳಸುತ್ತಾರೆ. ಮಗು ಎಲ್ಲಿ ಎಡವಿತು ಎಂಬುದನ್ನೂ ಅದರಿಂದ ತಿಳಿಯಬಹುದು.

ಮೊದಲು ಕಾಗದ, ಆಮೇಲೆ ಫೋನು. ಭಿನ್ನರಾಶಿಗಳ ಸಂಕಲನವನ್ನೇ ತೆಗೆದುಕೊಳ್ಳಿ: 1/2 + 1/3 ಎಷ್ಟು? ಸರಿಯುತ್ತರ 5/6. ಉಳಿದ ಮೂರು ಆಯ್ಕೆಗಳನ್ನು ಬಾಯಿಗೆ ಬಂದಂತೆ ಬರೆಯಬೇಡಿ, ಒಂದೊಂದರ ಹಿಂದೆಯೂ ಮಕ್ಕಳು ನಿಜವಾಗಿ ಮಾಡುವ ಒಂದು ತಪ್ಪು ಇರಲಿ. 2/5 ಎಂದವರು ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿದ್ದಾರೆ. 2/6 ಎಂದವರು ಲ.ಸಾ.ಅ. ಸರಿಯಾಗಿಯೇ ಕಂಡುಹಿಡಿದು, ಅಂಶಗಳನ್ನು ಬದಲಿಸಲು ಮರೆತಿದ್ದಾರೆ. 1/6 ಎಂದವರು ಗುಣಿಸಿದ್ದಾರೆ. ಈ ನಾಲ್ಕು ಸಾಲು ಬರೆಯುವುದರಲ್ಲೇ ನಿಜವಾದ ಕೆಲಸ ಮುಕ್ಕಾಲು ಮುಗಿಯಿತು.

ಈಗ ಫಾರ್ಮ್ ತೆರೆದು, ಸೆಟ್ಟಿಂಗ್ಸ್‌ನಲ್ಲಿ ‘ಮೇಕ್ ದಿಸ್ ಎ ಕ್ವಿಜ್’ ಆನ್ ಮಾಡಿ. ಮೊದಲ ಪ್ರಶ್ನೆ ಹಾಜರಿ ಸಂಖ್ಯೆ. ಅದನ್ನು ಟೈಪ್ ಮಾಡಿಸದೆ ಡ್ರಾಪ್‌ಡೌನ್ ಕೊಡಿ. ಗೂಗಲ್ ಶೀಟ್‌ನ ಒಂದು ಕಾಲಂನಲ್ಲಿ 1ರಿಂದ 60ರವರೆಗೆ ಎಳೆದು, ಕಾಪಿ ಮಾಡಿ, ಮೊದಲ ಆಯ್ಕೆಯ ಜಾಗದಲ್ಲಿ ಪೇಸ್ಟ್ ಮಾಡಿದರೆ ಅರವತ್ತೂ ಒಮ್ಮೆಗೇ ಕೂರುತ್ತವೆ. ಮಕ್ಕಳ ಇಮೇಲ್ ಕೇಳಬೇಡಿ. ‘ಲಿಮಿಟ್ ಟು 1 ರೆಸ್ಪಾನ್ಸ್’ ಕೂಡ ಬೇಡ: ಅದಕ್ಕೆ ಗೂಗಲ್ ಲಾಗಿನ್ ಬೇಕು, ಅಪ್ಪನ ಒಂದೇ ಫೋನಿನಲ್ಲಿ ಉತ್ತರಿಸುವ ಅಕ್ಕ ತಮ್ಮಂದಿರಲ್ಲಿ ಎರಡನೆಯವರಿಗೆ ಬಾಗಿಲು ಮುಚ್ಚಿಹೋಗುತ್ತದೆ. ಫೈಲ್ ಅಪ್‌ಲೋಡ್ ಪ್ರಶ್ನೆಗೂ ಲಾಗಿನ್ ಬೇಕೇ ಬೇಕು.

ಭಿನ್ನರಾಶಿಯ ಪ್ರಶ್ನೆಯನ್ನು ಮಲ್ಟಿಪಲ್ ಚಾಯ್ಸ್ ಮಾಡಿ, ಆಯ್ಕೆಗಳನ್ನು ‘ಅ) 5/6’, ‘ಆ) 2/5’ ಎಂದು ಅಕ್ಷರ ಸೇರಿಸಿಯೇ ಬರೆಯಿರಿ. ಬರೀ 5/6 ಎಂದಿದ್ದರೆ ಉತ್ತರಗಳು ಶೀಟ್‌ಗೆ ಹೋದಾಗ ದಿನಾಂಕವಾಗಿ ಬದಲಾಗಬಹುದು. ಅಕ್ಷರ ಸೇರಿಸಿದ ಮೇಲೆ ಆಯ್ಕೆಗಳ ಕ್ರಮ ಕಲಕುವ ಶಫಲ್ ಆಫ್ ಇರಲಿ, ಸರಿಯುತ್ತರ ಪ್ರತಿ ಪ್ರಶ್ನೆಯಲ್ಲೂ ‘ಅ’ ಆಗದಂತೆ ನೀವೇ ನೋಡಿಕೊಳ್ಳಿ. ಆನ್ಸರ್ ಕೀಯಲ್ಲಿ ಅಂಕ ಕೊಡಿ, ರಿಕ್ವೈರ್ಡ್ ಆನ್ ಮಾಡಿ.

ಆನ್ಸರ್ ಕೀಯಲ್ಲಿರುವ ಫೀಡ್‌ಬ್ಯಾಕ್ ಎಲ್ಲ ತಪ್ಪು ಉತ್ತರಗಳಿಗೂ ಒಂದೇ ಮಾತು ಹೇಳುತ್ತದೆ. ನಮಗೆ ಬೇಕಿರುವುದು ತಪ್ಪಿಗೆ ತಕ್ಕ ಮಾತು. ಅದಕ್ಕೆ ಸೆಕ್ಷನ್‌ಗಳನ್ನು, ಅಂದರೆ ಫಾರ್ಮ್‌ನ ಬೇರೆ ಬೇರೆ ಪುಟಗಳನ್ನು ಬಳಸಬೇಕು. 2/5ಕ್ಕೆ ಒಂದು, 2/6ಕ್ಕೆ ಒಂದು, 1/6ಕ್ಕೆ ಒಂದು ಪರಿಹಾರ ಸೆಕ್ಷನ್, ಕೊನೆಗೆ ಎಲ್ಲರೂ ಸೇರುವ ಮುಕ್ತಾಯದ ಸೆಕ್ಷನ್ ಒಂದು. ಪ್ರಶ್ನೆಯ ಮೂರು ಚುಕ್ಕಿ ಒತ್ತಿ ‘ಗೋ ಟು ಸೆಕ್ಷನ್ ಬೇಸ್ಡ್ ಆನ್ ಆನ್ಸರ್’ ಆರಿಸಿ, ಪ್ರತಿ ಆಯ್ಕೆಗೂ ದಾರಿ ತೋರಿಸಿ, ಸರಿಯುತ್ತರದ ದಾರಿ ನೇರ ಮುಕ್ತಾಯಕ್ಕೆ.

ಬಹಳ ಮಂದಿ ಸಿಕ್ಕಿಬೀಳುವುದು ಇದರ ಮುಂದಿನ ಹೆಜ್ಜೆಯಲ್ಲಿ. ಪ್ರತಿ ಪರಿಹಾರ ಸೆಕ್ಷನ್‌ನ ಕೆಳಗೆ ‘ಕಂಟಿನ್ಯೂ ಟು ನೆಕ್ಸ್ಟ್ ಸೆಕ್ಷನ್’ ಎಂದಿರುತ್ತದೆ, ಅದನ್ನು ಬದಲಿಸಿ ಮುಕ್ತಾಯದ ಸೆಕ್ಷನ್‌ಗೆ ಕಳಿಸಬೇಕು. ಮರೆತರೆ 2/5 ಆರಿಸಿದ ಮಗು ತನ್ನದಲ್ಲದ ತಪ್ಪುಗಳ ವಿವರಣೆಯನ್ನೂ ಸಾಲಾಗಿ ಓದುತ್ತಾ ಹೋಗುತ್ತದೆ.

ಪರಿಹಾರ ಸೆಕ್ಷನ್‌ನಲ್ಲಿ ಪಾಠ ಬರೆಯಬೇಡಿ. ಫೋನಿನ ಪರದೆಯಲ್ಲಿ ನಾಲ್ಕು ಸಾಲು ದಾಟಿದರೆ ಯಾರೂ ಓದುವುದಿಲ್ಲ. 2/5ಕ್ಕೆ ಇಷ್ಟು ಸಾಕು: ‘2/5 ಎಂಬುದು 1/2ಕ್ಕಿಂತ ಚಿಕ್ಕದು. ಅರ್ಧಕ್ಕೆ ಇನ್ನೊಂದಿಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಆಗುತ್ತದೆಯೇ?’ 2/6ಕ್ಕೆ ಚಿತ್ರ ಬೇಕು. ಗೂಗಲ್ ಸ್ಲೈಡ್ಸ್‌ನಲ್ಲಿ ಒಂದು ಸಾಲು, ಆರು ಕಾಲಂಗಳ ಟೇಬಲ್ ಹಾಕಿ, ಮೂರು ಮನೆಗೆ ಬಣ್ಣ ತುಂಬಿ ಪಿಎನ್‌ಜಿ ಆಗಿ ಇಳಿಸಿಕೊಳ್ಳಿ. ಅರ್ಧ ಎಂದರೆ ಆರರಲ್ಲಿ ಮೂರು ಎಂದು ಕಣ್ಣಿಗೇ ಕಾಣುತ್ತದೆ. ಕೆಳಗೆ 1/2 + 1/5ರಂಥ ಹೊಸ ಪ್ರಶ್ನೆ, ಅಂಕ ಸೊನ್ನೆ. 1/2 + 1/3ರ ಸರಿಯುತ್ತರವನ್ನು ಮಾತ್ರ ಅಲ್ಲಿ ಬರೆಯಬೇಡಿ: ಬ್ಯಾಕ್ ಬಟನ್ ಇರುವುದರಿಂದ ಮಕ್ಕಳು ಹಿಂದೆ ಹೋಗಿ ತಿದ್ದುತ್ತಾರೆ, ನಿಮ್ಮ ದಾಖಲೆಯಲ್ಲಿ ಎಲ್ಲರೂ ಜಾಣರೇ!

ಟೈಪ್ ಮಾಡುವ ಉತ್ತರಗಳಿಗೆ ತಾನಾಗಿ ಅಂಕ ಕೊಡಿಸುವ ಆಸೆ ಬಿಡಿ. ‘ಲಸಾಅ’, ‘ಲ.ಸಾ.ಅ.’, ‘ಲ ಸಾ ಅ’ ಮೂರೂ ಯಂತ್ರಕ್ಕೆ ಬೇರೆ ಬೇರೆ. ಹಾಗೆಯೇ ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿರುವ ಪ್ರಶ್ನೆಪತ್ರಿಕೆಯನ್ನು ನೇರವಾಗಿ ಪೇಸ್ಟ್ ಮಾಡಿದರೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ, ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ.

ಕಳಿಸುವಾಗ ಬ್ರೌಸರ್‌ನ ಮೇಲಿರುವ ವಿಳಾಸವನ್ನು ಕಾಪಿ ಮಾಡಬೇಡಿ, ಅದು ನೀವು ತಿದ್ದುವ ಪುಟದ್ದು. ಪಬ್ಲಿಷ್ ಮಾಡಿದ ಮೇಲೆ ಸಿಗುವ, ಉತ್ತರಿಸುವವರ ಲಿಂಕ್ ಕೊಡಿ. ಅದನ್ನು ಇನ್‌ಕಾಗ್ನಿಟೊ (ಲಾಗಿನ್ ಇಲ್ಲದ) ಕಿಟಕಿಯಲ್ಲಿ ತೆರೆದು, ನಾಲ್ಕೂ ಆಯ್ಕೆಗಳ ದಾರಿಯಲ್ಲಿ ನೀವೇ ಒಮ್ಮೆ ನಡೆದು ನೋಡಿ.

ಉತ್ತರಗಳು ಬಂದ ಮೇಲೆ ಸರಾಸರಿ ಅಂಕ ನೋಡುವ ಅಗತ್ಯವೇನಿಲ್ಲ. ಸಮ್ಮರಿಯ ನಕ್ಷೆಯಲ್ಲಿ ಯಾವ ತಪ್ಪು ಆಯ್ಕೆಯ ಪಟ್ಟಿ ಉದ್ದವಿದೆ ಎಂದು ನೋಡಿ. 2/5 ಹೆಚ್ಚಿದ್ದರೆ ನಾಳೆ ಕಾಗದದ ಪಟ್ಟಿ ಮಡಿಸಿ ಮೊದಲಿನಿಂದ ಶುರುಮಾಡಬೇಕು. 2/6 ಹೆಚ್ಚಿದ್ದರೆ ಸಮಾನ ಭಿನ್ನರಾಶಿ ಹತ್ತು ನಿಮಿಷ ಸಾಕು. ಪಾಠ ಯೋಜನೆಗೆ ಈ ನಕ್ಷೆಯನ್ನೇ ಅಂಟಿಸಿ, ಮಾರ್ಗದರ್ಶಿ ಶಿಕ್ಷಕರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಮಕ್ಕಳ ಕೈಯಲ್ಲಿ ಫೋನೇ ಇಲ್ಲದ ಶಾಲೆಯಾದರೆ ಇದೇ ಪ್ರಶ್ನೆಯನ್ನು ಪ್ಲಿಕರ್ಸ್ ಎಂಬ ಆ್ಯಪ್‌ಗೆ ಹಾಕಿ. ಪ್ರತಿ ಮಗುವಿಗೂ ಹಾಜರಿ ಸಂಖ್ಯೆಯ ಒಂದು ಮುದ್ರಿತ ಕಾರ್ಡ್, ಆರಿಸಿದ ಅಕ್ಷರ ಮೇಲೆ ಬರುವಂತೆ ಹಿಡಿದರೆ ನಿಮ್ಮ ಒಂದೇ ಫೋನ್ ಇಡೀ ತರಗತಿಯನ್ನು ಓದಿಕೊಳ್ಳುತ್ತದೆ. ಕಾರ್ಡ್ ದಪ್ಪ ಕಾಗದದಲ್ಲಿರಲಿ, ಹೊಳೆಯುವ ಲ್ಯಾಮಿನೇಷನ್ ಬೇಡ: ಕಿಟಕಿಯ ಬೆಳಕು ಬಿದ್ದು ಕ್ಯಾಮೆರಾಗೆ ಗುರುತು ಕಾಣದು. ಬೆರಳು ಕಪ್ಪು ಗುರುತಿನ ಮೇಲೆ ಬಂದರೂ ಅಷ್ಟೇ, ಅಂಚಿನಲ್ಲಿ ಹಿಡಿಯುವುದನ್ನು ಮೊದಲೇ ಮಾಡಿ ತೋರಿಸಿ.