ಕಾರಿನ ಸೀಟು ಬಿಸಿಯಾಗುತ್ತಿಲ್ಲವೇ? ಕವರ್ ಬಿಚ್ಚುವ ಮೊದಲು ಮೀಟರ್ ಹಿಡಿಯಿರಿ

ಸೀಟಿನ ಹೀಟರ್ ಕೈಕೊಟ್ಟರೆ ಹೆಚ್ಚಿನವರ ಮೊದಲ ಅನುಮಾನ ಹೋಗುವುದು ಒಳಗಿನ ತಂತಿಯ ಮೇಲೆ. ಅದು ಸುಟ್ಟಿರಬೇಕು ಎಂದುಕೊಂಡು ನೇರವಾಗಿ ಕವರ್ ಬಿಚ್ಚಲು ಕೂರುತ್ತಾರೆ. ಅನುಮಾನ ನಿಜವೂ ಆಗಿರಬಹುದು. ಆದರೆ ಅರ್ಧ ದಿನ ಕವರ್ ಜೊತೆ ಗುದ್ದಾಡಿದ ಮೇಲೆ ಹೋಗಿದ್ದು ಫ್ಯೂಸ್ ಎಂದು ತಿಳಿದರೆ ಆ ಶ್ರಮವೆಲ್ಲ ನೀರಿನಲ್ಲಿ ಹೋಮ. ಸೀಟಿನ ಕೆಳಗೆ ಹೀಟರಿನ ವೈರುಗಳು ಕೂಡುವ ಒಂದು ಕನೆಕ್ಟರ್ ಇರುತ್ತದೆ. ಅಲ್ಲಿಗೆ ಕರೆಂಟ್ ಬರುತ್ತಿದೆಯೇ ಎಂದು ಮೊದಲು ಮಲ್ಟಿಮೀಟರಿನಿಂದ (ವೋಲ್ಟ್, ಓಮ್ ಅಳೆಯುವ ಉಪಕರಣ) ತಿಳಿದುಕೊಳ್ಳಿ. ಬರುತ್ತಿದ್ದರೆ ದೋಷ ಸೀಟಿನೊಳಗೆ ಅಥವಾ ಅರ್ಥ್ ವೈರಿನಲ್ಲಿರಬೇಕು, ಬರುತ್ತಿಲ್ಲವಾದರೆ ಕವರ್ ಬಿಚ್ಚುವ ಮೊದಲು ಫ್ಯೂಸ್, ಸ್ವಿಚ್, ವೈರುಗಳ ಕಡೆ ನೋಡಬೇಕು.

ಒಳಗೆ ಏನಿದೆ?

ಬಟ್ಟೆ ಅಥವಾ ಚರ್ಮದ ಕವರಿಗೂ ಫೋಮಿಗೂ ನಡುವೆ ತೆಳುವಾದ ಹಾಳೆಯಂಥ ಪ್ಯಾಡ್ ಇರುತ್ತದೆ. ಕೂರುವ ಭಾಗಕ್ಕೆ ಒಂದು, ಬೆನ್ನೊರಗಿಗೆ ಇನ್ನೊಂದು. ಅದರಲ್ಲಿ ಹಾವಿನಂತೆ ಸುತ್ತಿಕೊಂಡು ಹೋಗುವ ಲೋಹದ ತಂತಿಯೋ ಕಾರ್ಬನ್ ನಾರೋ ಇದ್ದು, ಕರೆಂಟ್ ಹರಿದಾಗ ಅದೇ ಬಿಸಿಯಾಗುತ್ತದೆ. ಶಾಖ ಮಿತಿ ಮೀರದಂತೆ ಕಾಯುವುದು ಸಾಮಾನ್ಯವಾಗಿ ಕೂರುವ ಭಾಗದಲ್ಲಿರುವ ಒಂದು ಪುಟ್ಟ ಸೆನ್ಸರ್. ಹೊಸ ಕಾರುಗಳಲ್ಲಿ ಅದು ಬಿಸಿಗೆ ತಕ್ಕಂತೆ ರೋಧ (ಕರೆಂಟಿನ ಹರಿವಿಗೆ ಒಡ್ಡುವ ತಡೆ) ಬದಲಾಗುವ ಥರ್ಮಿಸ್ಟರ್, ಹಳೆಯವುಗಳಲ್ಲಿ ಬಿಸಿಯಾದಾಗ ತಾನಾಗಿ ತೆರೆದುಕೊಳ್ಳುವ ಥರ್ಮೋಸ್ಟಾಟ್. ಇದರ ಹಿಂದೆ ಸ್ವಿಚ್, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹರಿಸುವ ಸ್ವಿಚ್) ಅಥವಾ ಕಂಟ್ರೋಲ್ ಮಾಡ್ಯೂಲ್ (ಹೀಟರನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ), ಅದಕ್ಕೂ ಹಿಂದೆ ಫ್ಯೂಸ್.

ಲೆಕ್ಕ ಸರಳ. ಎಂಜಿನ್ ಓಡುವಾಗ ಸಿಗುವ ಸುಮಾರು 14 ವೋಲ್ಟಿನಲ್ಲಿ ಸೀಟು 5 ಆಂಪಿಯರ್ ಎಳೆದರೆ ಅದರ ರೋಧ 2.8 ಓಮ್, ಶಕ್ತಿ 70 ವ್ಯಾಟ್. ಕಾರಿನಿಂದ ಕಾರಿಗೆ ಅಂಕಿ ಬದಲಾಗುತ್ತದೆ. ಆದರೆ ಪ್ಯಾಡಿನ ರೋಧ ಸಾಮಾನ್ಯವಾಗಿ ಕೆಲವೇ ಓಮ್‌ಗಳಲ್ಲಿರುತ್ತದೆ ಎಂಬುದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಲಕ್ಷಣವೇ ಅರ್ಧ ಉತ್ತರ

ಎಂಜಿನ್ ಚಾಲೂ ಮಾಡಿಯೇ ಪರೀಕ್ಷಿಸಿ. ಬ್ಯಾಟರಿ ಇಳಿದಿದ್ದರೆ ಹಲವು ಕಾರುಗಳು ಮೊದಲು ಕಡಿದುಹಾಕುವುದು ಸೀಟ್ ಹೀಟರಿನಂಥ ಹೆಚ್ಚುವರಿ ಸೌಕರ್ಯಗಳನ್ನೇ. ಹೀಗಾಗಿ ಎಂಜಿನ್ ನಿಲ್ಲಿಸಿ, ಕೀ ಮಾತ್ರ ತಿರುಗಿಸಿ ನೋಡಿದರೆ ಸರಿಯಿರುವ ಸೀಟೂ ತಣ್ಣಗೇ ಇರಬಹುದು.

ಸ್ವಿಚ್ ಒತ್ತಿದರೂ ಅದರ ದೀಪ ಹೊತ್ತುವುದೇ ಇಲ್ಲವೆಂದರೆ ಫ್ಯೂಸ್, ಸ್ವಿಚ್ ಅಥವಾ ಅಲ್ಲಿಗೆ ಬರುವ ವೈರಿನ ಕಡೆ ನೋಡಬೇಕು. ದೀಪ ಹೊತ್ತಿ ಕೆಲವೇ ಸೆಕೆಂಡುಗಳಲ್ಲಿ ಆರಿಹೋದರೆ ಅದು ಬಹಳ ಉಪಯುಕ್ತ ಸುಳಿವು. ಪ್ಯಾಡ್ ಅಥವಾ ಸೆನ್ಸರ್ ತುಂಡಾಗಿದೆ ಎಂದು ಮಾಡ್ಯೂಲ್ ಪತ್ತೆಹಚ್ಚಿ ತಾನೇ ಕೈಬಿಟ್ಟಿದೆ ಎಂದರ್ಥ. ದೀಪ ಉರಿಯುತ್ತಲೇ ಇದ್ದು ಸೀಟು ತಣ್ಣಗಿದ್ದರೆ ಕೆಳಗಿನ ಕನೆಕ್ಟರ್, ಅರ್ಥ್ ವೈರು, ಪ್ಯಾಡ್ ಮೂರರ ಮೇಲೂ ಅನುಮಾನ ಪಡಿ. ಬೆನ್ನು ಬಿಸಿಯಾಗಿ ಕೂರುವ ಭಾಗ ಮಾತ್ರ ತಣ್ಣಗಿದ್ದರೆ ಎರಡೂ ಪ್ಯಾಡುಗಳಿಗೆ ಬೇರೆಬೇರೆಯಾಗಿ ಕರೆಂಟ್ ಹೋಗುತ್ತಿದೆ, ಕೆಟ್ಟಿರುವುದು ಒಂದೇ. ಎರಡೂ ಪ್ಯಾಡುಗಳನ್ನು ಸರಣಿಯಲ್ಲಿ ಜೋಡಿಸಿದ ಕಾರುಗಳಲ್ಲಿ ಒಂದು ತುಂಡಾದರೆ ಎರಡೂ ಮಲಗುತ್ತವೆ.

ದೋಷವೇ ಅಲ್ಲದ ಸಂಗತಿಯೂ ಒಂದಿದೆ. ಹಲವು ಕಾರುಗಳಲ್ಲಿ ಹೆಚ್ಚಿನ ಶಾಖದ ಹಂತ ಕೆಲವು ನಿಮಿಷಗಳ ನಂತರ ತಾನಾಗಿಯೇ ಕೆಳಗಿನ ಹಂತಕ್ಕೆ ಇಳಿಯುತ್ತದೆ. ಕಾರಿನ ಕೈಪಿಡಿಯಲ್ಲಿ ಇದರ ಪ್ರಸ್ತಾಪವಿದೆಯೇ ನೋಡಿಕೊಂಡು ಮುಂದುವರಿಯಿರಿ.

ಸೀಟಿನ ಒಂದು ಜಾಗ ಮಾತ್ರ ಚುರುಕೆನ್ನುವಷ್ಟು ಕಾಯ್ದರೆ, ಸುಟ್ಟ ವಾಸನೆ ಬಂದರೆ ಅಥವಾ ಕವರಿನ ಮೇಲೆ ಕಂದು ಕಲೆ ಕಂಡರೆ ಪರೀಕ್ಷೆ ಆಮೇಲೆ. ಮೊದಲು ಸೀಟ್ ಹೀಟರಿನ ಫ್ಯೂಸ್ ಕಿತ್ತಿಡಿ. ತುಂಡಾಗುತ್ತಿರುವ ತಂತಿಯ ಎರಡು ತುದಿಗಳ ನಡುವೆ ಕಿಡಿ ಹಾರುತ್ತಿರಬಹುದು. ಸಕ್ಕರೆ ಕಾಯಿಲೆಯಿಂದಲೋ ಬೆನ್ನುಹುರಿಯ ಪೆಟ್ಟಿನಿಂದಲೋ ಚರ್ಮದ ಸ್ಪರ್ಶಜ್ಞಾನ ಕಡಿಮೆಯಾದವರಿಗೆ ಬಿಸಿ ತಾಗಿದ್ದೇ ತಿಳಿಯುವುದಿಲ್ಲ, ಸುಟ್ಟ ಗಾಯವಾದ ಮೇಲೆ ಗೊತ್ತಾಗುತ್ತದೆ.

ಹಳದಿ ಕನೆಕ್ಟರಿನ ಗೊಡವೆ ಬೇಡ

ಇಂದಿನ ಬಹುತೇಕ ಕಾರುಗಳ ಮುಂದಿನ ಸೀಟುಗಳಲ್ಲಿ ಪಕ್ಕದ ಏರ್‌ಬ್ಯಾಗ್ ಇರುತ್ತದೆ. ಅದರ ಕನೆಕ್ಟರ್ ಸಾಮಾನ್ಯವಾಗಿ ಹಳದಿ. ಅದಕ್ಕೆ ಮಲ್ಟಿಮೀಟರಿನ ಮೊನೆ ತಾಗಿಸಲೇಬಾರದು. ಓಮ್ ಅಳೆಯಲು ಮೀಟರ್ ಕಳಿಸುವ ಅಲ್ಪ ಕರೆಂಟ್ ಕೂಡ ಏರ್‌ಬ್ಯಾಗಿಗೆ ಅಪಾಯಕಾರಿ. ಹಳದಿ ಕನೆಕ್ಟರ್ ಜೋಡಿಸಿಯೇ ಇರುವಾಗ ಹೀಟರಿನ ವೋಲ್ಟೇಜ್ ಪರೀಕ್ಷೆ ಮುಗಿಸಿಕೊಳ್ಳಿ. ಯಾವುದೇ ಕನೆಕ್ಟರ್ ಕಳಚುವ ಮೊದಲು ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ತುದಿ ಬಿಚ್ಚಿ, ಕೈಪಿಡಿ ಹೇಳಿದಷ್ಟು ಹೊತ್ತು ಕಾಯಿರಿ. ಕೈಪಿಡಿ ಕೈಯಲ್ಲಿಲ್ಲದಿದ್ದರೆ 10 ನಿಮಿಷ ಕಾಯುವುದು ಒಳ್ಳೆಯದು. ಏರ್‌ಬ್ಯಾಗ್ ಮಾಡ್ಯೂಲಿನ ಕೆಪಾಸಿಟರುಗಳಲ್ಲಿ ಉಳಿದ ಚಾರ್ಜ್ ಇಳಿಯಲು ಆ ಸಮಯ ಬೇಕು. ಹಳದಿ ಕನೆಕ್ಟರ್ ಕಳಚಿರುವಾಗ ಇಗ್ನಿಷನ್ ಹಾಕಿದರೆ ಏರ್‌ಬ್ಯಾಗ್ ದೀಪ ಹೊತ್ತಿ, ದೋಷದ ಕೋಡ್ ದಾಖಲಾಗಿ ಕೂರುತ್ತದೆ.

ಎಡವಟ್ಟಾಗುವ ಇನ್ನೊಂದು ಕಡೆ: ಮೋಟಾರಿನಿಂದ ಸರಿಯುವ ಸೀಟು ಬ್ಯಾಟರಿ ಬಿಚ್ಚಿದ ಮೇಲೆ ಅಲುಗುವುದಿಲ್ಲ. ಸೀಟು ಕಳಚುವುದಿದ್ದರೆ ಮೊದಲೇ ಹಿಂದಕ್ಕೆ ಸರಿಸಿ ಮುಂದಿನ ಬೋಲ್ಟುಗಳನ್ನೂ, ಮುಂದಕ್ಕೆ ಸರಿಸಿ ಹಿಂದಿನವನ್ನೂ ತೆಗೆದು, ಸೀಟನ್ನು ನಡುವೆ ತಂದು ನಿಲ್ಲಿಸಿ. ಬ್ಯಾಟರಿ ಬಿಚ್ಚುವುದು ಅದಾದ ಮೇಲೆ.

ಹಂತ 1: ಫ್ಯೂಸ್ ಮತ್ತು ರಿಲೇ

ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ನಕ್ಷೆಯಲ್ಲಿ ಸೀಟ್ ಹೀಟರ್ ಎಲ್ಲಿದೆ ಎಂದು ಹುಡುಕಿ. ಚಾಲಕನ ಸೀಟಿಗೂ ಪಕ್ಕದ ಸೀಟಿಗೂ ಒಂದೇ ಫ್ಯೂಸ್ ಇರಬಹುದು. ಎರಡೂ ಸೀಟು ಒಟ್ಟಿಗೇ ನಿಂತಿದ್ದರೆ ಅದರ ಮೇಲೆಯೇ ಮೊದಲ ಅನುಮಾನ. ಕಣ್ಣಿಗೆ ಸರಿಯಾಗಿ ಕಂಡಿತೆಂದು ಬಿಡಬೇಡಿ, ಮೀಟರಿನ ಒಂದು ಮೊನೆಯನ್ನು ಕಾರಿನ ಬರಿಯ ಲೋಹಕ್ಕೆ ಹಿಡಿದು, ಫ್ಯೂಸಿನ ತಲೆಯ ಮೇಲಿರುವ ಎರಡು ಪುಟ್ಟ ಲೋಹದ ಚುಕ್ಕೆಗಳಲ್ಲೂ 12 ವೋಲ್ಟ್ ಬರುತ್ತಿದೆಯೇ ಅಳೆಯಿರಿ. ಒಂದೇ ಕಡೆ ಬಂದರೆ ಫ್ಯೂಸ್ ಹೋಗಿದೆ. ಎರಡೂ ಕಡೆ ಬರದಿದ್ದರೆ ಇಗ್ನಿಷನ್ ಚಾಲೂ ಇದೆಯೇ ನೋಡಿ.

ಹಾಕುವ ಫ್ಯೂಸ್ ಅದೇ ಆಂಪಿಯರಿನದೇ ಆಗಿರಬೇಕು. ಬಣ್ಣ ನೋಡಿದರೆ ಗುರುತು ಸಿಗುತ್ತದೆ: 10 ಕೆಂಪು, 15 ನೀಲಿ, 20 ಹಳದಿ, 25 ಬಣ್ಣವಿಲ್ಲದ್ದು, 30 ಹಸಿರು. ಹೊಸ ಫ್ಯೂಸೂ ಹಾರಿದರೆ ದೊಡ್ಡದನ್ನು ಹಾಕುವ ಹುಂಬತನ ಬೇಡ, ಒಳಗೆ ಎಲ್ಲೋ ಶಾರ್ಟ್ ಆಗಿದೆ. ಸೀಟಿನ ಕೆಳಗಿನ ಹೀಟರ್ ಕನೆಕ್ಟರ್ ಕಳಚಿ ಇನ್ನೊಂದು ಫ್ಯೂಸ್ ಹಾಕಿ ನೋಡಿ. ಈಗ ಉಳಿದರೆ ಶಾರ್ಟ್ ಇರುವುದು ಸೀಟಿನಲ್ಲಿ, ಆಗಲೂ ಹಾರಿದರೆ ವೈರಿಂಗಿನಲ್ಲಿ.

ರಿಲೇ ಇರುವ ಕಾರಾದರೆ ಅದೇ ಸಂಖ್ಯೆಯ ಇನ್ನೊಂದು ರಿಲೇಯ ಜೊತೆ ಅದಲುಬದಲು ಮಾಡಿದರೆ ಸಾಕು. ಸ್ವಿಚ್ಚಿಗೂ ಇದೇ ಉಪಾಯ, ಎಡಬಲದ ಸ್ವಿಚ್ಚುಗಳು ಒಂದೇ ಬಗೆಯವಾಗಿದ್ದರೆ.

ಹಂತ 2: ಸೀಟಿನ ಕೆಳಗಿನ ಕನೆಕ್ಟರ್

ಟಾರ್ಚ್ ಹಿಡಿದು ಸೀಟಿನ ಕೆಳಗೆ ನೋಡಿ. ಸೀಟು ಹಿಂದೆಮುಂದೆ ಸರಿಯುವಾಗ ವೈರು ಹಳಿಗೆ ಸಿಕ್ಕಿ ಸವೆಯುತ್ತದೆ. ಚೆಲ್ಲಿದ ಪಾನೀಯ, ಒದ್ದೆ ಬೂಟಿನ ನೀರು ಕನೆಕ್ಟರಿನೊಳಗೆ ಇಳಿದು ಪಿನ್ನುಗಳು ಹಸಿರಾಗುತ್ತವೆ. ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದಾಗಿ ಕರಗಿದ್ದರೆ ಬಿಗಿ ಕಳೆದುಕೊಂಡ ಪಿನ್ ಬಹಳ ದಿನದಿಂದ ಕಾಯುತ್ತಿದೆ ಎಂದರ್ಥ. ಅದನ್ನು ಎಷ್ಟು ಉಜ್ಜಿದರೂ ಪ್ರಯೋಜನವಿಲ್ಲ, ಪಿನ್ನನ್ನೇ ಬದಲಿಸಬೇಕು.

ಈಗ ಮುಖ್ಯ ಪರೀಕ್ಷೆ. ಹೀಟರಿನ ಕನೆಕ್ಟರ್ ಜೋಡಿಸಿಯೇ ಇರಲಿ, ವೈರು ಒಳಹೋಗುವ ಹಿಂಬದಿಯಿಂದ ಮೀಟರಿನ ಸಣ್ಣ ಮೊನೆ ತೂರಿಸಿ, ಇನ್ನೊಂದು ಮೊನೆಯನ್ನು ಕಾರಿನ ಬರಿಯ ಲೋಹಕ್ಕೆ ಹಿಡಿಯಿರಿ. ಕಳಚಿ ಅಳೆದರೆ ಮೋಸಹೋಗುತ್ತೀರಿ. ಎಳೆಯಷ್ಟೇ ಉಳಿದ ವೈರಿನಲ್ಲೂ ಮೀಟರ್ ಪೂರ್ತಿ 12 ವೋಲ್ಟ್ ತೋರಿಸುತ್ತದೆ, ಭಾರ ಬಿದ್ದಾಗ ಮಾತ್ರ ಅದರ ಬಣ್ಣ ಬಯಲಾಗುತ್ತದೆ. ಸ್ವಿಚ್ಚನ್ನು ಅತಿ ಹೆಚ್ಚಿನ ಹಂತಕ್ಕೆ ಇಡಿ. ಕಡಿಮೆ ಹಂತದಲ್ಲಿ ಮಾಡ್ಯೂಲ್ ಕರೆಂಟನ್ನು ತುಣುಕು ತುಣುಕಾಗಿ ಕಳಿಸುವುದರಿಂದ ಮೀಟರ್ 6–7 ವೋಲ್ಟ್ ತೋರಿಸಬಹುದು, ಅದು ದೋಷವಲ್ಲ. ದೀಪ ಬೇಗ ಆರಿಹೋಗುವ ಕಾರಿನಲ್ಲಿ ಸ್ವಿಚ್ ಒತ್ತಲು ಇನ್ನೊಬ್ಬರನ್ನು ಕೂರಿಸಿಕೊಂಡು, ಒತ್ತಿದ ಕ್ಷಣದಲ್ಲೇ ಮೀಟರ್ ಓದಿ.

ಬ್ಯಾಟರಿಯ ವೋಲ್ಟೇಜಿಗೆ ಹತ್ತಿರದ ಅಂಕಿ ಬಂದರೆ ಪಾಸಿಟಿವ್ ಕಡೆ ಸರಿಯಿದೆ. ಮುಂದೆ ಅರ್ಥ್ ನೋಡಿ. ಕನೆಕ್ಟರಿನ ಅರ್ಥ್ ವೈರಿಗೆ ಒಂದು ಮೊನೆ, ಕಾರಿನ ಬರಿಯ ಲೋಹಕ್ಕೆ ಇನ್ನೊಂದು. ಹೀಟರ್ ಕರೆಂಟ್ ಎಳೆಯುತ್ತಿರುವಾಗ 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥ್ ಬೋಲ್ಟಿನ ತುಕ್ಕು ಕೆರೆದು ಬಿಗಿ ಮಾಡಿ. ಅಳೆಯುತ್ತಲೇ ವೈರನ್ನು ಮೆಲ್ಲಗೆ ಅಲುಗಿಸಿ, ಸೀಟನ್ನು ಹಿಂದೆಮುಂದೆ ಸರಿಸಿ ನೋಡಿ. ಅಂಕಿ ಕುಣಿದರೆ ಒಳಗೇ ತುಂಡಾದ ವೈರು ಅಲ್ಲೇ ಎಲ್ಲೋ ಇದೆ.

ಕನೆಕ್ಟರಿಗೆ ಕರೆಂಟ್ ಬರುತ್ತಲೇ ಇಲ್ಲ, ಫ್ಯೂಸ್, ರಿಲೇ, ಸ್ವಿಚ್ ಸರಿಯಿವೆ ಎಂದಾದರೆ ಉಳಿಯುವುದು ಮಾಡ್ಯೂಲ್ ಮತ್ತು ಅಲ್ಲಿಗೆ ಹೋಗುವ ವೈರು. ಅಲ್ಲಿಂದ ಮುಂದೆ ಬಾಡಿ ಕೋಡುಗಳನ್ನು (ಸೀಟಿನಂಥ ಭಾಗಗಳ ದೋಷದ ಸಂಕೇತಗಳನ್ನು) ಓದಬಲ್ಲ ಸ್ಕ್ಯಾನರ್ ಬೇಕು, ಎಂಜಿನ್ ಕೋಡ್ ಮಾತ್ರ ಓದುವ ಅಗ್ಗದ ಸ್ಕ್ಯಾನರಿನಿಂದ ಕೆಲಸ ಆಗದು. ಕೆಟ್ಟ ಪ್ಯಾಡಿನಿಂದ ಬೆದರಿ ಮಾಡ್ಯೂಲ್ ಕರೆಂಟ್ ತಡೆದಿರುವ ಸಾಧ್ಯತೆಯೂ ಇರುವುದರಿಂದ, ಮಾಡ್ಯೂಲ್ ಕೊಳ್ಳುವ ಮೊದಲು ಮುಂದಿನ ಹಂತವನ್ನೂ ಮುಗಿಸಿ.

ಹಂತ 3: ಪ್ಯಾಡಿನ ರೋಧ

ಬ್ಯಾಟರಿ ಬಿಚ್ಚಿ, ಕಾದು, ಹೀಟರಿನ ಕನೆಕ್ಟರ್ ಮಾತ್ರ ಕಳಚಿ. ದಪ್ಪ ವೈರುಗಳು ಪ್ಯಾಡಿನವು, ತೆಳುವಾದ ಜೋಡಿ ಸೆನ್ಸರಿನದು. ಮೀಟರಿನ ಎರಡೂ ಮೊನೆಗಳನ್ನು ಒಂದಕ್ಕೊಂದು ತಾಗಿಸಿದಾಗ ಬರುವ 0.2–0.5 ಓಮನ್ನು ಗುರುತು ಮಾಡಿಕೊಂಡು ಪ್ರತಿ ಅಳತೆಯಿಂದಲೂ ಕಳೆಯಿರಿ. ಅಳೆಯುತ್ತಿರುವುದೇ ಎರಡು ಮೂರು ಓಮ್ ಆದ್ದರಿಂದ ಈ ವ್ಯತ್ಯಾಸ ಸಣ್ಣದಲ್ಲ.

ಪ್ಯಾಡ್ ಕೆಲವು ಓಮ್ ತೋರಿಸಿದರೆ ಅದು ಇಡಿಯಾಗಿದೆ. ಮೀಟರ್ ಅನಂತ (ಹಲವು ಮೀಟರುಗಳಲ್ಲಿ OL) ತೋರಿಸಿದರೆ ತುಂಡಾಗಿದೆ. ಅರ್ಧ ಓಮಿಗಿಂತ ಕಡಿಮೆ ಬಂದರೆ ಶಾರ್ಟ್. ಸರಿಯಾದ ಅಂಕಿ ಯಾವುದೆಂದು ಗೊತ್ತಿಲ್ಲವೇ? ಪಕ್ಕದ ಸೀಟಿನ ಅದೇ ಪ್ಯಾಡ್ ಅಳೆದು ಹೋಲಿಸಿ, ಅದಕ್ಕಿಂತ ನಂಬಿಕಸ್ತ ಅಳತೆಗೋಲು ಬೇರೆ ಬೇಡ. ಪ್ಯಾಡಿನ ವೈರಿಗೂ ಸೀಟಿನ ಲೋಹದ ಚೌಕಟ್ಟಿಗೂ ನಡುವೆ ಅಳೆಯುವುದನ್ನು ಮರೆಯಬೇಡಿ. ಅಲ್ಲಿ ಅನಂತವೇ ಬರಬೇಕು.

ಮೀಟರ್ ಹಿಡಿದಿರುವಾಗಲೇ ಒಬ್ಬರನ್ನು ಸೀಟಿನ ಮೇಲೆ ಕೂರಿಸಿ, ಅಂಚಿನ ಮೇಲೆ ಭಾರ ಹಾಕಿಸಿ. ಕೂತಾಗ ಅಂಕಿ ಮಾಯವಾಗಿ ಎದ್ದಾಗ ಮರಳಿದರೆ ಅರೆ ತುಂಡಾದ ತಂತಿ ಅದು. ಹತ್ತಿ ಇಳಿಯುವಾಗ ಉಜ್ಜುವ ಬಾಗಿಲ ಕಡೆಯ ಉಬ್ಬು ಅಂಚಿನಲ್ಲೂ, ಕೂರುವ ಭಾಗದ ಮುಂತುದಿಯಲ್ಲೂ ತಂತಿ ಹೆಚ್ಚು ಸಾಯುತ್ತದೆ. ಹಿಂದಿನ ಸೀಟಿನಿಂದ ಏನನ್ನೋ ತೆಗೆಯಲು ಮುಂದಿನ ಸೀಟಿನ ಮೇಲೆ ಮೊಣಕಾಲೂರುವ ಅಭ್ಯಾಸ ಅದಕ್ಕೆ ಯಮ.

ಥರ್ಮಿಸ್ಟರ್ ಕೋಣೆಯ ತಾಪದಲ್ಲಿ ಸಾಮಾನ್ಯವಾಗಿ ಸಾವಿರಾರು ಓಮ್ ತೋರಿಸುತ್ತದೆ. ಅದಿರುವ ಜಾಗದ ಮೇಲೆ ಅಂಗೈ ಒತ್ತಿ ಹಿಡಿದರೆ ಅಂಕಿ ನಿಧಾನವಾಗಿ ಇಳಿಯಬೇಕು. ಅಲುಗದಿದ್ದರೆ, ಇಲ್ಲವೇ ಅನಂತ ಅಥವಾ ಸೊನ್ನೆ ತೋರಿಸಿದರೆ ಕೆಟ್ಟಿದೆ. ಹಳೆಯ ಥರ್ಮೋಸ್ಟಾಟ್ ಹಾಗಲ್ಲ: ತಣ್ಣಗಿರುವಾಗ ಸೊನ್ನೆಗೆ ಹತ್ತಿರ, ಬಿಸಿಯಾದಾಗ ಅನಂತ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಅದನ್ನು ಅಳೆದು ಕೆಟ್ಟಿದೆ ಎಂದು ತೀರ್ಮಾನಿಸಬೇಡಿ. ಸೆನ್ಸರ್ ಕೆಟ್ಟಿದೆಯೆಂದು ಅದನ್ನು ತಪ್ಪಿಸಿ ವೈರು ನೇರ ಜೋಡಿಸುವುದಂತೂ ಸೀಟಿಗೆ ಬೆಂಕಿ ಇಟ್ಟಂತೆ.

ಹಂತ 4: ದುರಸ್ತಿಯೋ, ಹೊಸ ಪ್ಯಾಡೋ?

ಕನೆಕ್ಟರಿನಿಂದ ಪ್ಯಾಡಿನವರೆಗಿನ ವೈರು ತುಂಡಾಗಿದ್ದರೆ ಧೈರ್ಯವಾಗಿ ಜೋಡಿಸಿ. ಆದರೆ ಬೆಸುಗೆಗಿಂತ ಒತ್ತಿ ಬಿಗಿಯುವ ಕ್ರಿಂಪ್ ತೋಳು ಮತ್ತು ಕಾಯಿಸಿದರೆ ಕುಗ್ಗುವ ಹೀಟ್ ಶ್ರಿಂಕ್ ಕೊಳವೆ ಮೇಲು. ಪದೇಪದೇ ಬಾಗುವ ವೈರಿನಲ್ಲಿ ಬೆಸುಗೆಯ ಗಟ್ಟಿ ಭಾಗ ಮುಗಿಯುವ ಕಡೆಯೇ ಎಳೆಗಳು ಮುರಿಯುತ್ತವೆ. ಬಿಸಿಯಾಗುವ ತಂತಿಯೇ ತುಂಡಾಗಿದ್ದರೆ ತೇಪೆ ಬೇಡ. ಜೋಡಿಸಿದ ಜಾಗದಲ್ಲಿ ರೋಧ ಹೆಚ್ಚಿದರೆ ಶಾಖವೆಲ್ಲ ಅಲ್ಲೇ ಸೇರಿ ಫೋಮ್ ಸುಡುತ್ತದೆ. ಪ್ಯಾಡ್ ಬದಲಿಸಿ.

ಕೂತವರನ್ನು ಗುರುತಿಸುವ ಸೆನ್ಸರ್ ಹಾಳೆ ಪಕ್ಕದ ಸೀಟಿನಲ್ಲಿದ್ದರೆ ಮಾತ್ರ ಈ ಕೆಲಸವನ್ನು ಗ್ಯಾರೇಜಿಗೆ ಬಿಡಿ. ಅದು ಸರಿದರೆ ಏರ್‌ಬ್ಯಾಗ್ ತೆರೆಯಬೇಕೋ ಬೇಡವೋ ಎಂಬ ಲೆಕ್ಕವೇ ತಪ್ಪುತ್ತದೆ.

ಕವರನ್ನು ಫೋಮಿಗೆ ಹಿಡಿದಿರುವುದು ಲೋಹದ ಪುಟ್ಟ ಉಂಗುರಗಳು. ಪ್ರತಿ ಹೆಜ್ಜೆಗೂ ಫೋಟೊ ತೆಗೆದುಕೊಂಡು ಅವುಗಳನ್ನು ಕತ್ತರಿಸುವ ಇಕ್ಕಳದಿಂದ ತುಂಡರಿಸಿ. ಮರುಜೋಡಣೆಗೆ ಹೊಸ ಉಂಗುರಗಳೂ ಅವಕ್ಕೆಂದೇ ಇರುವ ಇಕ್ಕಳವೂ ಬೇಕು. ಹಳೆಯ ಪ್ಯಾಡ್ ಫೋಮಿಗೆ ಅಂಟಿಕೊಂಡಿದ್ದರೆ ರಭಸದಿಂದ ಕೀಳಬೇಡಿ, ಫೋಮಿನ ತುಣುಕುಗಳೂ ಎದ್ದುಬರುತ್ತವೆ. ಹೊಸದು ಒಂದು ಸುಕ್ಕೂ ಇಲ್ಲದೆ ಮಟ್ಟಸವಾಗಿ ಕೂರಬೇಕು. ಮಡಿಕೆ ಬಿದ್ದ ಕಡೆ ಶಾಖ ದುಪ್ಪಟ್ಟಾಗುತ್ತದೆ. ತಂತಿಯ ಪ್ಯಾಡನ್ನು ಎಂದೂ ಕತ್ತರಿಸಬಾರದು. ಕಾರ್ಬನ್ ಪ್ಯಾಡನ್ನು ಅದರ ಸೂಚನಾಪತ್ರ ತೋರಿಸಿದ ಗೆರೆಯಲ್ಲಿ ಮಾತ್ರ ಕತ್ತರಿಸಬಹುದು.

ಎಲ್ಲ ಕಾರಿಗೂ ಹೊಂದುವ ಕಿಟ್ ಕೊಂಡವರು ಎಡವುವುದು ಇಲ್ಲಿ: ಅದರ ಪ್ಯಾಡಿನ ರೋಧ ಕಾರಿನದಕ್ಕೆ ಹೊಂದದಿದ್ದರೆ ಮೂಲ ಮಾಡ್ಯೂಲ್ ಅದನ್ನೂ ದೋಷವೆಂದು ತಿಳಿದು ಆರಿಸಿಬಿಡುತ್ತದೆ. ಕಿಟ್ಟಿನ ಜೊತೆ ಬಂದ ಸ್ವಿಚ್, ರಿಲೇ, ಫ್ಯೂಸ್ ಸಹಿತ ವೈರಿಂಗನ್ನೇ ಬಳಸಿ, ಇಗ್ನಿಷನ್ ಆರಿಸಿದಾಗ ಕರೆಂಟ್ ನಿಲ್ಲುವ ಕಡೆಯಿಂದ ಜೋಡಿಸಿ.

ಉಂಗುರ ಹಾಕುವ ಮೊದಲು ಕವರನ್ನು ಸುಮ್ಮನೆ ಹೊದಿಸಿ, ಎಲ್ಲ ಕನೆಕ್ಟರುಗಳನ್ನೂ, ಹಳದಿಯದನ್ನೂ ಸೇರಿಸಿ, ಜೋಡಿಸಿ ಬ್ಯಾಟರಿ ಕೊಡಿ. ಎಂಜಿನ್ ಓಡಿಸಿ ಐದು ನಿಮಿಷ ಅಂಗೈಯಿಂದ ಇಡೀ ಸೀಟನ್ನು ಸವರಿ ನೋಡಿ. ಶಾಖ ಎಲ್ಲೆಡೆ ಸಮನಾಗಿರಬೇಕು, ಯಾವ ಜಾಗವೂ ಕೈಯಿಡಲಾಗದಷ್ಟು ಕಾಯಬಾರದು. ಸರಿಯೆನಿಸಿದರೆ ಮತ್ತೆ ಬ್ಯಾಟರಿ ಬಿಚ್ಚಿ, ಕಾದು, ಕವರ್ ಬಿಗಿದು, ಬೋಲ್ಟುಗಳನ್ನು ಕೈಪಿಡಿ ಹೇಳಿದ ಟಾರ್ಕಿಗೆ (ಬಿಗಿತದ ಅಳತೆ) ಟಾರ್ಕ್ ಸ್ಪ್ಯಾನರಿನಿಂದಲೇ ಬಿಗಿ ಮಾಡಿ. ಹಲವು ಕಾರುಗಳಲ್ಲಿ ಸೀಟ್ ಬೆಲ್ಟಿನ ಎಳೆತವೂ ಈ ಬೋಲ್ಟುಗಳ ಮೇಲೆಯೇ ಬೀಳುತ್ತದೆ. ಕೊನೆಗೆ ಇಗ್ನಿಷನ್ ಹಾಕಿದಾಗ ಏರ್‌ಬ್ಯಾಗ್ ದೀಪ ಹೊತ್ತಿ ಕೆಲವು ಸೆಕೆಂಡುಗಳಲ್ಲಿ ಆರಬೇಕು. ಆರದೆ ಉಳಿದರೆ ಕಾರು ಓಡಿಸುವ ಮೊದಲು ಕೀ ತೆಗೆದು, ಬ್ಯಾಟರಿ ಬಿಚ್ಚಿ, ಹಳದಿ ಕನೆಕ್ಟರಿನ ಬೀಗ ಕ್ಲಿಕ್ ಎಂದು ಕೂತಿದೆಯೇ ನೋಡಿ. ಆಮೇಲೂ ಉರಿಯುತ್ತಿದ್ದರೆ ಆ ಕೋಡ್ ಓದಿ ಅಳಿಸುವ ಕೆಲಸ ಏರ್‌ಬ್ಯಾಗ್ ಸ್ಕ್ಯಾನರ್ ಇರುವ ಗ್ಯಾರೇಜಿನದು.